ಓದುಗರ ಪ್ರಶ್ನೆ: ಅಮೆರಿಕದ ಅಂತರ್ಯುದ್ಧದ ಸೈನಿಕನ ಉಡುಪನ್ನು ಎಲ್ಲಿ ಕೊಳ್ಳಬೇಕು, ಊರಿನಲ್ಲಿ ಹೊಲಿಸಬಹುದೇ?

ಪ್ರಶ್ನೆ: ಉದ್ಯೋಗದ ನಿಮಿತ್ತ ವರ್ಜೀನಿಯಾದಲ್ಲಿ ನೆಲೆಸಿದ್ದೇನೆ. ಅಮೆರಿಕದ ಅಂತರ್ಯುದ್ಧದ ಮರುಪ್ರದರ್ಶನಗಳನ್ನು ಪ್ರೇಕ್ಷಕನಾಗಿ ನೋಡಿ, ಈಗ ಉತ್ತರದ ಒಕ್ಕೂಟ ಸೈನ್ಯದ ಕಾಲಾಳಾಗಿ ಭಾಗವಹಿಸುವ ಆಸೆಯಾಗಿದೆ. ಉಡುಪು, ಬೂಟು, ಬಂದೂಕುಗಳನ್ನು ಎಲ್ಲಿ, ಯಾವ ಕ್ರಮದಲ್ಲಿ ಕೊಳ್ಳಬೇಕು? ಮುಂದಿನ ಸಲ ಬೆಂಗಳೂರಿಗೆ ಬಂದಾಗ ನಮ್ಮ ದರ್ಜಿಯಿಂದಲೇ ಹೊಲಿಸಿಕೊಂಡರೆ ಖರ್ಚು ಉಳಿಯುವುದಿಲ್ಲವೇ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ‘ಒಕ್ಕೂಟ ಸೈನ್ಯದ ಸಮವಸ್ತ್ರ’ ಎಂಬ ಒಂದೇ ಉಡುಪು 1861ರಿಂದ 1865ರವರೆಗಿನ ಯುದ್ಧದಲ್ಲಿ ಇರಲೇ ಇಲ್ಲ. ಒಕ್ಕೂಟದ ಪೂರ್ವ ರಣರಂಗದ ಮುಖ್ಯ ಸೇನೆಯಾದ ಪೊಟೊಮ್ಯಾಕ್ ಸೇನೆಯ ಸಾಮಾನ್ಯ ಸೈನಿಕ ಮುಂಭಾಗಕ್ಕೆ ಬಾಗಿದ ಸಣ್ಣ ಫೊರೇಜ್ ಟೊಪ್ಪಿಗೆ ಧರಿಸುತ್ತಿದ್ದರೆ, ಪಶ್ಚಿಮದ ಸೇನೆಗಳಲ್ಲಿ ಅಗಲ ಅಂಚಿನ ಫೆಲ್ಟ್ ಟೊಪ್ಪಿಗೆಗಳೇ ಹೆಚ್ಚಾಗಿ ಕಾಣುತ್ತಿದ್ದವು. ‘ಐರನ್ ಬ್ರಿಗೇಡ್’ ಎಂಬ ದಳ ತನ್ನ ಎತ್ತರದ ಕಪ್ಪು ಟೊಪ್ಪಿಗೆಗೆ ಹೆಸರಾಗಿತ್ತು. ನ್ಯೂಯಾರ್ಕ್‌ನ 5ನೇ ರೆಜಿಮೆಂಟಿನ ಜುವಾವ್‌ಗಳು, ಅಂದರೆ ಫ್ರೆಂಚರ ಉತ್ತರ ಆಫ್ರಿಕಾ ಪಡೆಗಳ ಮಾದರಿಯ ಉಡುಪಿನ ಸೈನಿಕರು, ಕೆಂಪು ಬಣ್ಣದ ದೊಗಳೆ ಷರಾಯಿ ತೊಡುತ್ತಿದ್ದರು. ಕರ್ನಲ್ ಹೈರಮ್ ಬರ್ಡನ್‌ನ ಗುರಿಕಾರರ ಪಡೆಯದು ಹಸಿರು ಕೋಟು. ಆದ್ದರಿಂದ ನೀವು ಕೊಳ್ಳಬೇಕಾದದ್ದು ಒಂದು ನಿರ್ದಿಷ್ಟ ರೆಜಿಮೆಂಟಿನ, ಒಂದು ನಿರ್ದಿಷ್ಟ ವರ್ಷದ ಸೈನಿಕನ ಉಡುಪನ್ನು, ಮತ್ತು ಆ ಸೈನಿಕ ಯಾರೆಂಬುದನ್ನು ನಿರ್ಧರಿಸುವುದು ನೀವು ಸೇರುವ ತುಕಡಿ, ಅಂದರೆ ಮರುಪ್ರದರ್ಶನದ ಹವ್ಯಾಸಿಗಳ ಗುಂಪು. ಬಹುತೇಕ ತುಕಡಿಗಳು ಹೊಸಬರಿಗೆ ಒಂದೆರಡು ಕಾರ್ಯಕ್ರಮಗಳ ಮಟ್ಟಿಗೆ ಉಡುಪು ಮತ್ತು ಚರ್ಮದ ಸಾಮಾನುಗಳನ್ನು ಎರವಲು ಕೊಡುತ್ತವೆ. ಹಳಬರು ತಮಗೆ ಬಿಗಿಯಾದ ಕೋಟುಗಳನ್ನು ಮಾರುವುದೂ ಉಂಟು.

ತುಕಡಿಯನ್ನು ಆರಿಸುವಾಗ ಅದು ಎಂತಹ ಕಾರ್ಯಕ್ರಮಗಳಿಗೆ ಹೋಗುತ್ತದೆ ಎಂದು ವಿಚಾರಿಸಿರಿ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯು ತನ್ನ ವಶದಲ್ಲಿರುವ ಗೆಟ್ಟಿಸ್‌ಬರ್ಗ್, ಆಂಟೀಟಮ್ ಮುಂತಾದ ರಣಭೂಮಿಗಳಲ್ಲಿ ಎರಡು ಪಕ್ಷಗಳು ಎದುರುಬದುರು ನಿಂತು ಕಾದಾಡುವ ಅಣಕು ಯುದ್ಧಕ್ಕೆ ಅನುಮತಿ ಕೊಡುವುದಿಲ್ಲ. ಅಲ್ಲಿ ನಡೆಯುವುದು ಶಿಬಿರ ಜೀವನದ, ಕವಾಯತಿನ ಮತ್ತು ಬಂದೂಕು ಹಾರಿಸುವ ಪ್ರಾತ್ಯಕ್ಷಿಕೆ ಮಾತ್ರ. ದೊಡ್ಡ ಅಣಕು ಯುದ್ಧಗಳು ನಡೆಯುವುದು ಬಹುಪಾಲು ಖಾಸಗಿ ಜಮೀನಿನಲ್ಲಿ. ಪ್ರೇಕ್ಷಕರು ಹತ್ತಿರದಿಂದ ನೋಡಿ ಪ್ರಶ್ನೆ ಕೇಳುವ ಪ್ರಾತ್ಯಕ್ಷಿಕೆಗಳಲ್ಲಿ ಹೊಲಿಗೆಯ ದಾರವೂ ಪರೀಕ್ಷೆಗೆ ಒಳಗಾಗುವುದರಿಂದ, ಅಂತಹ ತುಕಡಿಗೆ ಸೇರುವವರು ಆರಂಭದಲ್ಲಿ ಅಗ್ಗದ ಕೋಟು ಕೊಂಡರೆ ಎರಡನೆಯ ಬಾರಿ ಹಣ ತೆರಬೇಕಾಗುತ್ತದೆ.

ಭಾರತೀಯ ಮುಖದವನು ಈ ಉಡುಪಿನಲ್ಲಿ ಒಪ್ಪುತ್ತಾನೆಯೇ ಎಂಬ ಅಳುಕು ನಿಮ್ಮಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಕನೆಕ್ಟಿಕಟ್‌ನ 14ನೇ ರೆಜಿಮೆಂಟಿನಲ್ಲಿ ಚೀನಾದಲ್ಲಿ ಹುಟ್ಟಿದ ಜೋಸೆಫ್ ಪಿಯರ್ಸ್ ಎಂಬ ಸೈನಿಕನಿದ್ದ. ಆತ ಗೆಟ್ಟಿಸ್‌ಬರ್ಗ್ ಯುದ್ಧದಲ್ಲಿ ಹೋರಾಡಿ ಕಾರ್ಪೊರಲ್ ಹುದ್ದೆಗೆ ಏರಿದ್ದು ದಾಖಲಾಗಿರುವ ಸಂಗತಿ. ಆ ಸೈನ್ಯದಲ್ಲಿ ಏಷ್ಯಾದವರು ವಿರಳರಾಗಿದ್ದರು, ಆದರೆ ಇಲ್ಲದೆ ಇರಲಿಲ್ಲ.

ತುಕಡಿ ಗೊತ್ತಾದ ಮೇಲೆ ಮೊದಲು ಕೊಳ್ಳಬೇಕಾದದ್ದು ಬೂಟು. ಎರವಲು ಕೋಟು ಹೇಗೋ ನಡೆಯುತ್ತದೆ; ಎರವಲು ಬೂಟಿನಲ್ಲಿ ದಿನವಿಡೀ ಹುಲ್ಲುಗಾವಲಿನ ಮೇಲೆ ನಡೆದರೆ ಮಧ್ಯಾಹ್ನದೊಳಗೆ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ. ಒಕ್ಕೂಟದ ಸೈನಿಕರಿಗೆ ಕೊಡುತ್ತಿದ್ದದ್ದು ಕಣಕಾಲಿನವರೆಗೆ ಬರುವ, ಲೇಸು ಕಟ್ಟುವ, ಚರ್ಮದ ಒರಟು ಮೈ ಹೊರಗಿರುವ ‘ಜೆಫರ್ಸನ್’ ಬೂಟು. ಇಂದಿನ ಮರುತಯಾರಿಕೆಗಳಲ್ಲಿಯೂ ಅಟ್ಟೆ ಚರ್ಮದ್ದೇ ಆಗಿದ್ದು, ಮರದ ಮೊಳೆಯಿಂದಲೋ ಹೊಲಿಗೆಯಿಂದಲೋ ಕೂಡಿಸಿರಬೇಕು. ಅಂತಹ ಅಟ್ಟೆ ಒದ್ದೆ ಹುಲ್ಲಿನಲ್ಲಿ ಜಾರುತ್ತದೆಯಾದ್ದರಿಂದ ಅನೇಕರು ಹಿಮ್ಮಡಿಗೆ ಲಾಳ ಹೊಡೆಸಿಕೊಳ್ಳುತ್ತಾರೆ. ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿರಿ, ಮತ್ತು ಕಾರ್ಯಕ್ರಮಕ್ಕೆ ಕೆಲವು ವಾರ ಮುಂಚಿನಿಂದ ಮನೆಯ ಸುತ್ತ ನಡೆದು ಪಳಗಿಸಿಕೊಳ್ಳಿರಿ. ಕನ್ನಡಕ ಹಾಕುವವರಾದರೆ ಇದೇ ಹಂತದಲ್ಲಿ ಆ ಕಾಲದ ಮಾದರಿಯ ಲೋಹದ ಚೌಕಟ್ಟಿಗೆ ನಿಮ್ಮ ಗಾಜು ಹಾಕಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಇಂದಿನ ಕನ್ನಡಕವೊಂದೇ ಉಳಿದ ಉಡುಪಿನ ಶ್ರಮವನ್ನೆಲ್ಲ ಹಾಳುಮಾಡುತ್ತದೆ.

ಅನಂತರ ಅಂಗಿ, ಪ್ಯಾಂಟು, ಕೋಟು ಮತ್ತು ಟೊಪ್ಪಿಗೆ. ಈ ಹವ್ಯಾಸದಲ್ಲಿ ಹಣ ಪೋಲಾಗುವುದೂ ಸಾರ್ಥಕವಾಗುವುದೂ ಹೆಚ್ಚಾಗಿ ಇಲ್ಲಿಯೇ, ಮತ್ತು ವ್ಯತ್ಯಾಸ ಇರುವುದು ಬಟ್ಟೆಯಲ್ಲಿ. ನಾಲ್ಕು ಗುಂಡಿಯ ‘ಸ್ಯಾಕ್ ಕೋಟು’ ಕಡುನೀಲಿ ಉಣ್ಣೆಯ ಫ್ಲಾನೆಲ್‌ನಿಂದ ಆಗಿತ್ತು. ಪ್ಯಾಂಟು ಆಕಾಶನೀಲಿ ಬಣ್ಣದ ‘ಕರ್ಸಿ’ ಎಂಬ ಗಟ್ಟಿ ಉಣ್ಣೆ ಬಟ್ಟೆಯದು. ಅಗ್ಗದ ಮಳಿಗೆಗಳಲ್ಲಿ ಸಿಗುವ ಕೋಟುಗಳಲ್ಲಿ ಕೃತಕ ನೂಲು ಬೆರೆತಿರುವುದುಂಟು. ಬಣ್ಣ ಸರಿಯಾಗಿ ಕಾಣುವುದಿಲ್ಲ ಎಂಬುದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ಬಂದೂಕಿನ ಕಿಡಿ ಅಥವಾ ಶಿಬಿರದ ಬೆಂಕಿ ತಗುಲಿದಾಗ ಉಣ್ಣೆ ಕರಕಲಾಗಿ ಅಲ್ಲಿಗೇ ನಿಲ್ಲುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಜುಲೈ ತಿಂಗಳ ಬಿಸಿಲಿನಲ್ಲಿ ಉಣ್ಣೆ ತೊಡುವುದು ಹೇಗೆಂದು ಎಲ್ಲರೂ ಕೇಳುತ್ತಾರೆ. ಬೆವರು ಹೀರಿಕೊಂಡು ಗಾಳಿಯಾಡುವ ಸಡಿಲವಾದ ನೈಜ ಉಣ್ಣೆಯನ್ನು ತಡೆದುಕೊಳ್ಳಬಹುದು, ಆಗಾಗ ನೀರು ಕುಡಿಯುತ್ತಿದ್ದರೆ.

ಸೊಂಟದ ಬೆಲ್ಟು, ತೋಟಾಪೆಟ್ಟಿಗೆ, ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ‘ಕ್ಯಾಪ್’ಗಳ ಸಣ್ಣ ಚೀಲ, ಬಯೋನೆಟ್ಟಿನ ಒರೆ, ಕಪ್ಪು ಬಣ್ಣ ಬಳಿದ ಕ್ಯಾನ್ವಾಸಿನ ಹೆಗಲುಚೀಲ ಮತ್ತು ಬಟ್ಟೆ ಹೊದಿಸಿದ ತಗಡಿನ ನೀರಿನ ಬಾಟಲಿಯನ್ನು ಕಾರ್ಯಕ್ರಮಗಳ ಬದಿಯಲ್ಲಿ ಡೇರೆ ಹಾಕಿರುವ ವ್ಯಾಪಾರಿಗಳಲ್ಲಿ, ಅಂದರೆ ‘ಸಟ್ಲರ್’ಗಳಲ್ಲಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ತೋಟಾಪೆಟ್ಟಿಗೆಯೊಳಗೆ 40 ತೋಟಾ ಹಿಡಿಸುವ ಎರಡು ತಗಡಿನ ಡಬ್ಬಿಗಳು ಇವೆಯೇ ಎಂದು ತೆರೆದು ನೋಡಿರಿ. ಇವುಗಳಲ್ಲಿ ಹಲವು ಭಾರತ ಮತ್ತು ಪಾಕಿಸ್ತಾನಗಳಲ್ಲಿ ತಯಾರಾಗಿ ಬಂದವು. ಹಳಬರು ‘ಭಾರತದ ಮಾಲು’ ಎಂದು ಮೂಗು ಮುರಿಯುವುದನ್ನು ನೀವು ಕೇಳಬೇಕಾದೀತು. ನಮ್ಮ ಚರ್ಮದ ಕುಶಲಕರ್ಮಿಗಳಿಗೆ ಕೆಲಸ ಬಾರದೆಂದು ಇದರಿಂದ ಭಾವಿಸಬಾರದು; ಕನಿಷ್ಠ ಬೆಲೆಗೆ ಕೇಳಿದ ವ್ಯಾಪಾರಿಗೆ ಆ ಬೆಲೆಗೆ ತಕ್ಕ ಚರ್ಮ ಸಿಕ್ಕಿದೆ, ಅಷ್ಟೇ. ಡೇರೆ, ಅಡುಗೆ ಪಾತ್ರೆಗಳ ವಿಷಯದಲ್ಲಿ ಅವಸರ ಬೇಡ, ತುಕಡಿಯವರು ಹಂಚಿಕೊಳ್ಳುತ್ತಾರೆ.

ಬಂದೂಕು ಎಲ್ಲಕ್ಕಿಂತ ಕೊನೆಗೆ. ಅದರ ಬೆಲೆ ಸುಮಾರು ಸಾವಿರ ಡಾಲರಿನಿಂದ ಮೇಲಕ್ಕೆ ಹೋಗುತ್ತದೆ. ತುಕಡಿಗಳು ಸಾಮಾನ್ಯವಾಗಿ ಒಪ್ಪುವುದು ಎರಡು ಮಾದರಿಗಳನ್ನು: 1861ರ ಸ್ಪ್ರಿಂಗ್‌ಫೀಲ್ಡ್ ಮತ್ತು 1853ರ ಎನ್‌ಫೀಲ್ಡ್. ಎರಡನೆಯದು ನಮಗೆ ಅಪರಿಚಿತವಲ್ಲ. ಕೊಬ್ಬು ಸವರಿದ ತೋಟಾದ ವಿಷಯವಾಗಿ 1857ರಲ್ಲಿ ಸಿಪಾಯಿಗಳು ಸಿಡಿದೆದ್ದದ್ದು ಇದೇ ಬಂದೂಕನ್ನು ಕೈಗೆ ಕೊಟ್ಟಾಗ. ಇಟಲಿಯ ಪೆಡೆರ್ಸೋಲಿ, ಕ್ಯಾಪಾ ಕಂಪನಿಗಳು ಎರಡರ ಮರುತಯಾರಿಕೆಯನ್ನೂ ಮಾಡುತ್ತವೆ. ಆ ದೇಶದ ಪರೀಕ್ಷಾಲಯದಲ್ಲಿ ಒತ್ತಡ ತಡೆಯುವ ಪರೀಕ್ಷೆಗೆ ಒಳಪಟ್ಟ ಮುದ್ರೆ ನಳಿಗೆಯ ಮೇಲಿರುತ್ತದೆ; ಇಂತಹ ಮುದ್ರೆಯಿಲ್ಲದ ಅಗ್ಗದ ಬಂದೂಕುಗಳನ್ನು ಸಾಲಿನೊಳಗೆ ಬಿಡದ ತುಕಡಿಗಳಿವೆ, ಮತ್ತು ಅವು ಮಾಡುವುದು ಸರಿ. ನಳಿಗೆಯನ್ನು ಮರಕ್ಕೆ ಬಿಗಿಯುವ ಪಟ್ಟಿಗಳು ಮೂರಿರುವ ಉದ್ದನೆಯ ಮಾದರಿಯನ್ನೇ ಕೊಳ್ಳಿರಿ. ಸೈನಿಕರು ಎರಡು ಸಾಲುಗಳಲ್ಲಿ ನಿಂತು ಗುಂಡು ಹಾರಿಸುವಾಗ ಹಿಂದಿನವನ ನಳಿಗೆಯ ತುದಿ ಮುಂದಿನವನ ಮುಖವನ್ನು ದಾಟಿ ಹೊರಚಾಚಿರಬೇಕು. ಎರಡೇ ಪಟ್ಟಿಯ ಗಿಡ್ಡ ಮಾದರಿಯಲ್ಲಿ ಬೆಂಕಿಯೂ ಸದ್ದೂ ಮುಂದಿನವನ ಕಿವಿಯ ಪಕ್ಕದಲ್ಲಿಯೇ ಸಿಡಿಯುತ್ತದೆ. ಅಣಕು ಯುದ್ಧದಲ್ಲಿ ಸೀಸದ ಗುಂಡು ಇರುವುದಿಲ್ಲ. ಕಾಗದದ ತೋಟಾದಿಂದ ಕರಿಮದ್ದನ್ನಷ್ಟೇ ಸುರಿಯುತ್ತಾರೆ, ಮದ್ದು ಜಡಿಯುವ ಸಲಾಕೆಯನ್ನು ಹೊರಗೆ ತೆಗೆಯುವುದಿಲ್ಲ. ಆ ಕರಿಮದ್ದಿನ ಮುಖ್ಯ ಪದಾರ್ಥವಾದ ಪೆಟ್ಲುಪ್ಪು ಅಂದು ಒಕ್ಕೂಟಕ್ಕೆ ಬಹುಪಾಲು ಭಾರತದಿಂದಲೇ ಬರುತ್ತಿತ್ತು; 1861ರ ಕೊನೆಯಲ್ಲಿ ಮದ್ದು ತಯಾರಿಸುವ ಡ್ಯುಪಾಂಟ್ ಕಂಪನಿಯ ಲ್ಯಾಮಟ್ ಡ್ಯುಪಾಂಟ್ ಲಂಡನ್ನಿಗೆ ಹೋಗಿ ಅದನ್ನು ಸಗಟಾಗಿ ಕೊಂಡಾಗ, ಬ್ರಿಟಿಷ್ ಸರ್ಕಾರ ಅದರ ರಫ್ತನ್ನು ಕೆಲಕಾಲ ತಡೆಹಿಡಿದಿತ್ತು.

ನೀವು ಎಚ್-1ಬಿ ಮುಂತಾದ ವೀಸಾದ ಮೇಲಿದ್ದರೆ ಕಾನೂನಿನ ವಿಷಯವನ್ನು ಎಚ್ಚರಿಕೆಯಿಂದ ಓದಿರಿ. ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸುತ್ತದೆ. ಆದರೆ ನಳಿಗೆಯ ಬಾಯಿಯ ಮೂಲಕ ಕರಿಮದ್ದು ತುಂಬುವ ಹಳೆಯ ಮಾದರಿಯ ಬಂದೂಕುಗಳೂ ಅವುಗಳ ಮರುತಯಾರಿಕೆಗಳೂ ಆ ಕಾನೂನಿನ ‘ಬಂದೂಕು’ ಎಂಬ ವ್ಯಾಖ್ಯೆಯೊಳಗೆ ಸಾಮಾನ್ಯವಾಗಿ ಬರುವುದಿಲ್ಲ. ಇಷ್ಟಕ್ಕೇ ನೆಮ್ಮದಿಯಾಗಿರಬೇಡಿ: ರಾಜ್ಯ ರಾಜ್ಯಗಳ ಕಾನೂನು ಬೇರೆ ಬೇರೆ, ಮದ್ದಿನ ಖರೀದಿಗೆ ಮತ್ತು ಸಂಗ್ರಹಕ್ಕೆ ಪ್ರತ್ಯೇಕ ಕಾನೂನಿದೆ. ಹಣ ಕೊಡುವ ಮೊದಲು ಈ ವಿಷಯ ತಿಳಿದ ವಕೀಲರಿಂದ ಲಿಖಿತವಾಗಿ ಉತ್ತರ ಪಡೆಯಿರಿ. ವೀಸಾದ ಮೇಲಿರುವವರಿಗೆ ಇದು ಬಂದೂಕಿನ ಬೆಲೆಗಿಂತ ದೊಡ್ಡ ಸಂಗತಿ.

ಈಗ ಬೆಂಗಳೂರಿನ ದರ್ಜಿಯ ಮಾತು. ಹೊಲಿಸಬಹುದು, ಆದರೆ ಬಟ್ಟೆಯನ್ನು ನೀವೇ ಕೊಂಡೊಯ್ಯಬೇಕು. ಸೂಟಿನ ಅಂಗಡಿಗಳಲ್ಲಿ ಸಿಗುವ ನಯವಾದ ಉಣ್ಣೆ ಬಟ್ಟೆಗೂ ಕರ್ಸಿಗೂ ಸಂಬಂಧವಿಲ್ಲ. ಆ ಕಾಲದ ಮಾದರಿಯಲ್ಲಿ ನೇಯ್ದ ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಮಾರುವವರು ಅಮೆರಿಕದಲ್ಲಿ ಇದ್ದಾರೆ. ಅದರ ಜೊತೆಗೆ ಕಾಗದದ ಮಾದರಿ, ಹತ್ತಿ ಅಥವಾ ಲಿನನ್ ದಾರ, ಹದ್ದಿನ ಮುದ್ರೆಯ ಗುಂಡಿಗಳನ್ನೂ ಒಯ್ಯಿರಿ. ನಮ್ಮ ದರ್ಜಿಗಳಲ್ಲಿ ಇನ್ನೂ ಉಳಿದಿರುವ ಕೈಕಾಜಾ ಕೆಲಸ ಇಲ್ಲಿ ನಿಜವಾದ ಸಂಪತ್ತು: ಸೈನ್ಯಕ್ಕೆ ಉಡುಪು ಒದಗಿಸುತ್ತಿದ್ದ ಫಿಲಡೆಲ್ಫಿಯಾದ ಸ್ಕೂಲ್‌ಕಿಲ್ ಕೋಠಿಗಾಗಿ ಹೆಂಗಸರು ಕೋಟುಗಳನ್ನು ಪೂರ್ತಿ ಕೈಯಲ್ಲೇ ಹೊಲಿದುಕೊಡುತ್ತಿದ್ದರು, ಮತ್ತು ಇಂದು ಅಂತಹ ಕೆಲಸಕ್ಕೆ ಅಮೆರಿಕದಲ್ಲಿ ದುಬಾರಿ ಬೆಲೆ ತೆರಬೇಕು. ಗುತ್ತಿಗೆದಾರರು ಯಂತ್ರದಲ್ಲಿ ಹೊಲಿಸಿದ್ದೂ ಇದ್ದುದರಿಂದ ಉದ್ದ ಹೊಲಿಗೆಗೆ ಯಂತ್ರ ಬಳಸಿದರೆ ತಪ್ಪಿಲ್ಲ. ದರ್ಜಿಗೆ ಬೇಡವೆಂದು ಸ್ಪಷ್ಟವಾಗಿ ಹೇಳಬೇಕಾದವು ಬೇರೆ ಇವೆ: ಓವರ್‌ಲಾಕ್ ಬೇಡ, ಭುಜದ ಪ್ಯಾಡು ಬೇಡ, ಅಂಟಿಸುವ ಕ್ಯಾನ್ವಾಸ್ ಬೇಡ, ಪ್ಯಾಂಟಿಗೆ ಜಿಪ್ಪು, ಬೆಲ್ಟಿನ ಪಟ್ಟಿ, ಇಸ್ತ್ರಿಯ ಗೆರೆ ಯಾವುದೂ ಬೇಡ. ಪ್ಯಾಂಟು ಹೊಕ್ಕುಳಿನ ಮಟ್ಟಕ್ಕೆ ಬಂದು ಭುಜದ ಪಟ್ಟಿಗಳಿಂದ ನಿಲ್ಲಬೇಕು. ಮೈಗೆ ಅಂಟುವ ಇಂದಿನ ಕಟ್ಟಿಂಗಿಗೆ ಪಳಗಿದ ಕೈ ಇದನ್ನು ತಿದ್ದಲು ಹೊರಟರೆ ತಡೆಯಿರಿ. ಆ ಕಾಲದ ಅಂಗಿ ಮಾತ್ರ ಅವರಿಗೆ ಸುಲಭ, ಏಕೆಂದರೆ ಆಯತದ ತುಂಡುಗಳನ್ನು ಜೋಡಿಸಿ ಕಂಕುಳಿನಲ್ಲಿ ಚೌಕದ ತುಂಡು ಕೊಟ್ಟು, ತಲೆಯ ಮೇಲಿಂದ ಹಾಕಿಕೊಳ್ಳುವಂತೆ ಹೊಲಿದ ಅದು ಹಳೆಯ ಜುಬ್ಬದ ಹಾಗೆಯೇ ಇರುತ್ತದೆ. ಆದ್ದರಿಂದ ಮುಂದಿನ ಪ್ರವಾಸದಲ್ಲಿ ಅಂಗಿಯೊಂದನ್ನೇ ಹೊಲಿಸಿ ತಂದು ತುಕಡಿಯವರಿಗೆ ತೋರಿಸಿರಿ. ಅವರು ಒಪ್ಪಿದರೆ ಅದರ ಮುಂದಿನ ಸಲ ಕೋಟಿನ ಬಟ್ಟೆಗೆ ಕತ್ತರಿ ಹಾಕಿಸಬಹುದು.