ಹಳೇ ಬ್ಲಾಕು, ಹೊಸ ಬ್ಲಾಕು ಮತ್ತು ನಡುವಿನ ಗೋಡೆ: ಆಸ್ಪತ್ರೆಯ ಅಗ್ನಿ ರಕ್ಷಣಾ ವಿನ್ಯಾಸದ ಟಿಪ್ಪಣಿ

ಬೆಂಕಿ ಬಿದ್ದರೆ ಜನರನ್ನು ಬೇಗ ಹೊರಗೆ ಕಳಿಸಬೇಕು. ಫೈರ್ ಪ್ರೊಟೆಕ್ಷನ್ ಓದಲು ಶುರು ಮಾಡಿದಾಗ ನಾವೆಲ್ಲ ಮೊದಲು ಕಲಿಯುವುದು ಇದನ್ನೇ. ಆಫೀಸು, ಶಾಲೆ, ಮಾಲ್ ಎಲ್ಲಕ್ಕೂ ಇದು ಸರಿ. ಆಸ್ಪತ್ರೆಗೆ ಬಂದರೆ ಈ ಪಾಠ ಕೈಕೊಡುತ್ತದೆ. ವೆಂಟಿಲೇಟರ್ ಹಾಕಿರುವವರನ್ನು ಮೆಟ್ಟಿಲಿಳಿಸುವುದು ಹೇಗೆ? ಅರ್ಧ ಆಪರೇಷನ್ ಆಗಿರುವವರನ್ನು? ಅದಕ್ಕೇ ಇಲ್ಲಿ ಲೆಕ್ಕ ಉಲ್ಟಾ. ರೋಗಿ ಇದ್ದಲ್ಲೇ ಇರಲಿ, ಬೆಂಕಿ ಮತ್ತು ಹೊಗೆ ಅವರ ಹತ್ತಿರ ಬರದ ಹಾಗೆ ತಡೆಯೋಣ ಅನ್ನುವುದು ಮೂಲ ವಿಚಾರ. ತೀರಾ ಅನಿವಾರ್ಯವಾದರೆ ಅದೇ ಮಹಡಿಯಲ್ಲಿ, ಹಾಸಿಗೆ ಸಮೇತ, ಪಕ್ಕದ ವಿಭಾಗಕ್ಕೆ ತಳ್ಳಿಕೊಂಡು ಹೋಗಬೇಕು. ಮೆಟ್ಟಿಲು ಕೊನೆಯ ದಾರಿ.

ಖಾಲಿ ಜಾಗದಲ್ಲಿ ಕಟ್ಟುವ ಆಸ್ಪತ್ರೆಗೆ ಇದನ್ನು ಅಳವಡಿಸುವುದು ಅಂಥ ಕಷ್ಟವಲ್ಲ. ರೋಗಿಗಳು ಒಳಗಿರುವಾಗಲೇ ಹಳೇ ಕಟ್ಟಡವನ್ನು ನವೀಕರಿಸಿ, ಪಕ್ಕಕ್ಕೆ ಇನ್ನೊಂದು ಬ್ಲಾಕ್ ಸೇರಿಸುವಾಗ ತಲೆಬಿಸಿ ಶುರು. ನನ್ನನ್ನು ಕೇಳಿದರೆ ಹೊಸ ಬ್ಲಾಕಿನ ವಿನ್ಯಾಸವೇ ಸುಲಭದ ಭಾಗ. ಕಷ್ಟ ಇರುವುದು ಹಳೆಯದಕ್ಕೂ ಹೊಸದಕ್ಕೂ ನಡುವಿನ ಗೋಡೆಯಲ್ಲಿ, ಆಮೇಲೆ ಕೆಲಸ ನಡೆಯುವ ತಿಂಗಳುಗಳಲ್ಲಿ. ಕೆಳಗಿನ ಅಂಕಿಗಳೆಲ್ಲ ಎನ್‌ಎಫ್‌ಪಿಎ (ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ) ಮಾನದಂಡಗಳವು. ನೀವು ಬೇರೆ ಕೋಡ್ ಓದುತ್ತಿದ್ದರೆ ಅಂಕಿ ಬದಲಾಗುತ್ತದೆ, ಯೋಚನೆ ಮಾಡುವ ರೀತಿ ಬದಲಾಗುವುದಿಲ್ಲ.

ಮುಚ್ಚಿದ ಬಾಗಿಲು

1961ರ ಡಿಸೆಂಬರ್ 8ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ ಕಸ ಕೆಳಗೆ ಬಿಡುವ ಚ್ಯೂಟ್‌ನೊಳಗೆ ಬೆಂಕಿ ಹೊತ್ತಿಕೊಂಡಿತು. 9ನೇ ಮಹಡಿಯಲ್ಲಿ ಅದು ಚ್ಯೂಟ್ ಬಾಗಿಲಿನಿಂದ ಕಾರಿಡಾರ್‌ಗೆ ನುಗ್ಗಿತು. ಚಾವಣಿಯ ಮತ್ತು ಗೋಡೆಯ ಹೊದಿಕೆ ಹಿಡಿದುಕೊಂಡು ಹಬ್ಬಿತು. 16 ಜನ ಸತ್ತರು. ಅದೇ ಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡಿದ್ದ ಕೋಣೆಗಳಲ್ಲಿದ್ದವರು ಬದುಕಿದರು.

ಆಸ್ಪತ್ರೆಯ ಕೋಡಿನಲ್ಲಿ ಕಾರಿಡಾರ್ ಬಾಗಿಲಿಗೆ ಇಷ್ಟೊಂದು ಮಹತ್ವ ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ರೋಗಿಯ ಕೋಣೆಯ ಬಾಗಿಲು ತಾನಾಗಿ ಮುಚ್ಚಬೇಕೆಂದಿಲ್ಲ, ನರ್ಸ್ ಎಳೆದು ಮುಚ್ಚಿದರೆ ಸಾಕು. ಆದರೆ ಮುಚ್ಚಿದ ಮೇಲೆ ಚಿಲಕ ಬಿದ್ದು ಗಟ್ಟಿಯಾಗಿ ನಿಲ್ಲಬೇಕು. ಹಳೇ ಕಟ್ಟಡದಲ್ಲಿ ತಳ್ಳಿದರೆ ತೆರೆದುಕೊಳ್ಳುವ ರೋಲರ್ ಚಿಲಕ ಕಂಡರೆ ಬದಲಾಯಿಸಬೇಕಾದ ಪಟ್ಟಿಗೆ ಸೇರಿಸಿ. ಬೆಂಕಿಯ ಒತ್ತಡಕ್ಕೆ ಅದು ಬಿಟ್ಟುಕೊಡುತ್ತದೆ.

ಹೊಗೆ ವಿಭಾಗದ ಲೆಕ್ಕ

ರೋಗಿಗಳು ಮಲಗುವ ಪ್ರತಿ ಮಹಡಿಯನ್ನೂ ಕನಿಷ್ಠ ಎರಡು ಸ್ಮೋಕ್ ಕಂಪಾರ್ಟ್‌ಮೆಂಟ್, ಅಂದರೆ ಹೊಗೆ ದಾಟದ ಗೋಡೆಯಿಂದ ಬೇರ್ಪಡಿಸಿದ ವಿಭಾಗ, ಮಾಡಬೇಕು. ಒಂದರ ವಿಸ್ತೀರ್ಣ ಬಹಳ ಕಾಲ 2,090 ಚದರ ಮೀಟರ್‌ಗೆ ಸೀಮಿತವಾಗಿತ್ತು. ಎನ್‌ಎಫ್‌ಪಿಎ 101ರ (ಕಟ್ಟಡದೊಳಗಿನ ಜನರ ಸುರಕ್ಷತೆಯ ಕೋಡ್) 2018ರ ಆವೃತ್ತಿ ಕೆಲವು ಷರತ್ತಿನ ಮೇಲೆ, ಮುಖ್ಯವಾಗಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಇರುವ ಕಡೆ, 3,720 ಚದರ ಮೀಟರ್‌ವರೆಗೆ ಬಿಟ್ಟಿತು. ಯಾವ ಮೂಲೆಯಿಂದ ನಡೆದರೂ ಪಕ್ಕದ ವಿಭಾಗದ ಬಾಗಿಲು 61 ಮೀಟರ್ ಒಳಗೆ ಸಿಗಬೇಕು. ಹೊಸ ಕಟ್ಟಡದಲ್ಲಿ ನಡುವಿನ ಗೋಡೆ 1 ಗಂಟೆ ತಡೆಯಬೇಕು, ಹಳೆಯದರಲ್ಲಿ ಅರ್ಧ ಗಂಟೆ ಸಾಕು.

ಪರೀಕ್ಷೆಯಲ್ಲಿ ನಾವು ಮರೆಯುವ ಅಂಕಿ ಇನ್ನೊಂದಿದೆ. ಪಕ್ಕದ ವಿಭಾಗಕ್ಕೆ ತಳ್ಳಿಕೊಂಡು ಹೋದ ಹಾಸಿಗೆ ಎಲ್ಲಿ ನಿಲ್ಲಬೇಕು? ಒಬ್ಬ ರೋಗಿಗೆ 2.8 ಚದರ ಮೀಟರ್ ಖಾಲಿ ಜಾಗ ಬೇಕು. 24 ಹಾಸಿಗೆಯ ವಾರ್ಡ್ ಖಾಲಿ ಮಾಡಿದರೆ ಆಚೆ ಕಡೆ ಸುಮಾರು 67 ಚದರ ಮೀಟರ್ ಬೇಕಾಯಿತು. ಕಾರಿಡಾರ್, ಲಾಂಜ್ ಎಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ನವೀಕರಣದಲ್ಲಿ ಅದೇ ಲಾಂಜನ್ನು ಒಡೆದು ಕನ್ಸಲ್ಟೇಷನ್ ಕೋಣೆ ಮಾಡಿದರೆ ಆ ಜಾಗ ಹೋಯಿತು, ಅಲ್ವಾ? ಬದಲಾವಣೆ ಒಂದು ವಿಭಾಗದಲ್ಲಿ, ಕೊರತೆ ಪಕ್ಕದ ವಿಭಾಗದವರಿಗೆ. ಆದ್ದರಿಂದ ಗೋಡೆ ಒಡೆಯುವ ಪ್ರತಿ ನಕ್ಷೆಯ ಜೊತೆಗೆ ಇಡೀ ಮಹಡಿಯ ಲೈಫ್ ಸೇಫ್ಟಿ ನಕ್ಷೆಯನ್ನೂ (ಹೊಗೆ ವಿಭಾಗ, ಹೊರಹೋಗುವ ದಾರಿ ತೋರಿಸುವ ನಕ್ಷೆ) ಹೊಸದಾಗಿ ಬರೆಯಬೇಕು.

ಹಾಸಿಗೆ ತಳ್ಳುವುದು ಅಂದೆವು. ಅದಕ್ಕೆ ಹೊಸ ಕಾರಿಡಾರ್ 2.44 ಮೀಟರ್ ಅಗಲ ಬೇಕು. ಹಳೆಯದರಲ್ಲಿ 1.2 ಮೀಟರ್‌ಗೂ ಒಪ್ಪಿಗೆ ಇದೆ. ಹೊಸ ಬ್ಲಾಕಿನ ಅಗಲದ ಕಾರಿಡಾರ್ ಹಳೇ ಬ್ಲಾಕಿನ ಇಕ್ಕಟ್ಟಿನೊಳಗೆ ಹೋಗಿ ಸೇರಿದರೆ ಹಾಸಿಗೆಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಎರಡೂ ಬ್ಲಾಕು ಬೇರೆ ಬೇರೆಯಾಗಿ ಕೋಡ್ ಪ್ರಕಾರ ಸರಿಯಾಗಿಯೇ ಇರಬಹುದು. ಡ್ರಾಯಿಂಗ್ ಪರಿಶೀಲಿಸುವವರ ಕಣ್ಣಿಗೂ ಇದು ಬೀಳುವುದು ಕಡಿಮೆ.

ನಡುವಿನ ಗೋಡೆ

ಹಳೇ ಕಟ್ಟಡ ಈಗಿನ ನಿಯಮಕ್ಕೆ ಹೊಂದದಿದ್ದರೆ ಹೊಸ ಬ್ಲಾಕಿಗೂ ಅದಕ್ಕೂ ನಡುವೆ 2 ಗಂಟೆ ತಡೆಯುವ ಫೈರ್ ಬ್ಯಾರಿಯರ್ ಬೇಕು. ಅದರಲ್ಲಿ ಬಾಗಿಲು ಕಾರಿಡಾರ್‌ನಲ್ಲಿ ಮಾತ್ರ ಇರಬಹುದು, ಅದೂ ತಾನಾಗಿ ಮುಚ್ಚುವ ಒಂದೂವರೆ ಗಂಟೆಯ ಫೈರ್ ಡೋರ್. ಕಾಗದದ ಮೇಲೆ ಇದೊಂದು ದಪ್ಪ ಗೆರೆ. ಸೈಟಿನಲ್ಲಿ ಅದರ ಮೂಲಕ ಏನೆಲ್ಲ ಹಾದುಹೋಗುತ್ತದೆ ನೋಡಿ: ಆಕ್ಸಿಜನ್ ಪೈಪು, ಎಸಿ ಡಕ್ಟು, ಸ್ಪ್ರಿಂಕ್ಲರ್ (ಬೆಂಕಿಯ ಬಿಸಿಗೆ ತಾನಾಗಿ ನೀರು ಚಿಮ್ಮಿಸುವ ತಲೆ) ಮುಖ್ಯ ಪೈಪು, ಕೇಬಲ್ ಟ್ರೇ. ಪ್ರತಿ ತೂತಿಗೂ ಪರೀಕ್ಷೆ ಮಾಡಿದ ಫೈರ್‌ಸ್ಟಾಪ್ (ಬೆಂಕಿ, ಹೊಗೆ ದಾಟದಂತೆ ತೂತು ಮುಚ್ಚುವ) ವಿನ್ಯಾಸ ಬೇಕು. ಸುಮ್ನೆ ಸಿಮೆಂಟು ಮೆತ್ತಿದರೆ ಆಗುವುದಿಲ್ಲ. ಫಾಲ್ಸ್ ಸೀಲಿಂಗ್ ಎತ್ತಿ ಟಾರ್ಚ್ ಬಿಟ್ಟರೆ ಸಾಮಾನ್ಯವಾಗಿ ಕಾಣುವುದು ಡೇಟಾ ಕೇಬಲ್ ಎಳೆದವರು ಕೊರೆದು ಹಾಗೇ ಬಿಟ್ಟ ತೂತು. ಕಂಪ್ಯೂಟರ್ ಜಾಲದ ಕೆಲಸ ಕಟ್ಟಡದ ಕೆಲಸ ಮುಗಿದ ಮೇಲೂ ನಡೆಯುತ್ತಲೇ ಇರುತ್ತದೆ. ಹಾಗಾಗಿ ಮತ್ತೆ ಮತ್ತೆ ಕೇಬಲ್ ತೂರಿಸಬಹುದಾದ ಸಿದ್ಧ ಕೊಳವೆಗಳನ್ನು ಮೊದಲೇ ವಿನ್ಯಾಸದಲ್ಲಿ ಸೇರಿಸುವುದು ಜಾಣತನ.

ಎರಡು ಕಟ್ಟಡಗಳ ಮಧ್ಯೆ ಎಕ್ಸ್‌ಪಾನ್ಷನ್ ಜಾಯಿಂಟ್ ಇರುತ್ತದೆ. ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಅದನ್ನು ದಾಟುವ ಪೈಪಿಗೆ ಬಾಗುವ ಜೋಡಣೆ ಬೇಕು, ಆ ಸಂದಿನ ಫೈರ್‌ಸ್ಟಾಪ್ ಕೂಡ ಅಲುಗಾಟ ತಾಳುವಂಥದ್ದೇ ಆಗಬೇಕು.

ಗೋಡೆಯ ಹೊರಗೂ ಒಮ್ಮೆ ನೋಡಿ. ಹೊಸ ಬ್ಲಾಕ್ ನಿಲ್ಲುವ ಜಾಗದಲ್ಲಿ ಮೊದಲು ಏನಿತ್ತು? ಎಷ್ಟೋ ಸಲ ಹಳೇ ಬ್ಲಾಕಿನ ತುರ್ತು ಮೆಟ್ಟಿಲು ಹೊರಬೀಳುತ್ತಿದ್ದ ಅಂಗಳವೇ ಅದು. ಫೈರ್ ಎಂಜಿನ್ ಬರುವ ದಾರಿಯೂ, ಅವರು ಹೋಸ್ ಜೋಡಿಸುವ ಇನ್‌ಲೆಟ್ಟೂ ಅಲ್ಲೇ ಇರಬಹುದು. ಪಾಯ ತೋಡುವ ಮೊದಲೇ ಈ ಮೂರಕ್ಕೂ ಬದಲಿ ವ್ಯವಸ್ಥೆ ಆಗಿರಬೇಕು.

ಇನ್ನು ನವೀಕರಣ ಎಷ್ಟು ದೊಡ್ಡದಾದರೆ ಸ್ಪ್ರಿಂಕ್ಲರ್ ಕಡ್ಡಾಯ? ಸ್ಪ್ರಿಂಕ್ಲರ್ ಇಲ್ಲದ ವಿಭಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಅಥವಾ 420 ಚದರ ಮೀಟರ್‌ಗಿಂತ ಜಾಸ್ತಿ ಜಾಗವನ್ನು ಮಾರ್ಪಡಿಸಿದರೆ ಆ ಇಡೀ ವಿಭಾಗಕ್ಕೆ ಹಾಕಬೇಕು. ಮುಟ್ಟಿದ ಭಾಗಕ್ಕೆ ಮಾತ್ರ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ನೀರು ಎಷ್ಟು ಬೇಕು

ಒಂದು ಚಿಕ್ಕ ಲೆಕ್ಕ ಮಾಡೋಣ. ಸೂತ್ರ ಒಂದೇ: ಹರಿವು = ಕೆ × √ಒತ್ತಡ. ಕೆ ಅಂದರೆ ಸ್ಪ್ರಿಂಕ್ಲರ್ ತೂತಿನ ಗಾತ್ರ ತೋರಿಸುವ ಅಂಕಿ. ಕೆ 80ರ ಸಾಮಾನ್ಯ ಸ್ಪ್ರಿಂಕ್ಲರ್ ಹಿಡಿಯೋಣ. ಒತ್ತಡ ಬಾರ್‌ನಲ್ಲಿ, ಹರಿವು ನಿಮಿಷಕ್ಕೆ ಲೀಟರ್‌ನಲ್ಲಿ.

ವಾರ್ಡ್ ಬರುವುದು ಲೈಟ್ ಹಜಾರ್ಡ್‌ಗೆ, ಅಂದರೆ ಉರಿಯುವ ಸಾಮಾನು ಕಡಿಮೆ ಇರುವ ವರ್ಗಕ್ಕೆ. ಸ್ಪ್ರಿಂಕ್ಲರ್ ಮಾನದಂಡ ಎನ್‌ಎಫ್‌ಪಿಎ 13ರ ಪ್ರಕಾರ ನಿಮಿಷಕ್ಕೆ 4.1 ಮಿಲಿಮೀಟರ್ ನೀರು, 139 ಚದರ ಮೀಟರ್ ಮೇಲೆ. ಒಂದು ಸ್ಪ್ರಿಂಕ್ಲರ್ 21 ಚದರ ಮೀಟರ್ ನೋಡಿಕೊಳ್ಳಬಹುದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್, ಹಾಗಾಗಿ 4.1 × 21 = ಸುಮಾರು 86 ಲೀಟರ್. ಅದಕ್ಕೆ ಬೇಕಾದ ಒತ್ತಡ (86 ÷ 80)ರ ವರ್ಗ, ಅಂದರೆ 1.16 ಬಾರ್. 139ನ್ನು 21ರಿಂದ ಭಾಗಿಸಿದರೆ 7 ಸ್ಪ್ರಿಂಕ್ಲರ್. ಒಟ್ಟು 602 ಲೀಟರ್, ಹೋಸ್‌ಗೆ 380 ಸೇರಿಸಿ ನಿಮಿಷಕ್ಕೆ 982. ಅರ್ಧ ಗಂಟೆಗೆ ಸುಮಾರು 29,500 ಲೀಟರ್.

ಈಗ ಹೊಸ ಬ್ಲಾಕಿನ ನೆಲಮಾಳಿಗೆಯ ದೊಡ್ಡ ಸ್ಟೋರ್. ಆರ್ಡಿನರಿ ಹಜಾರ್ಡ್ ಗುಂಪು 2 (ಉರಿಯುವ ಸಾಮಾನು ಇನ್ನೂ ಹೆಚ್ಚಿರುವ ವರ್ಗ) ಅಂತ ಇಟ್ಟುಕೊಳ್ಳಿ. 8.1 ಮಿಲಿಮೀಟರ್, ಅದೇ 139 ಚದರ ಮೀಟರ್, ಆದರೆ ಒಂದು ಸ್ಪ್ರಿಂಕ್ಲರ್‌ಗೆ ಹೆಚ್ಚೆಂದರೆ 12.1 ಚದರ ಮೀಟರ್. 12 ಅಂತ ಹಿಡಿದರೆ ತಲಾ 97 ಲೀಟರ್, ಒತ್ತಡ 1.47 ಬಾರ್, 12 ಸ್ಪ್ರಿಂಕ್ಲರ್‌ಗೆ 1,164 ಲೀಟರ್. ಹೋಸ್‌ಗೆ 950. ಒಟ್ಟು ನಿಮಿಷಕ್ಕೆ 2,114. ಕನಿಷ್ಠ 60 ನಿಮಿಷಕ್ಕೆ ಸುಮಾರು 1,27,000 ಲೀಟರ್.

ವಾರ್ಡಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ! ಆಸ್ಪತ್ರೆ ಅಂದ ಕೂಡಲೇ ಲೈಟ್ ಹಜಾರ್ಡ್ ಅಂತ ಬರೆದು ಹಳೇ ಟ್ಯಾಂಕು ಸಾಕು ಅನ್ನುವವರು ಎಡವುವುದು ಇಲ್ಲೇ. ಅದರ ಮೇಲೆ ಸಿರಿಂಜು, ಗೌನು, ಟ್ಯೂಬು ಅಂತ ಸ್ಟೋರಿನಲ್ಲಿ ಇರುವುದೆಲ್ಲ ಪ್ಲಾಸ್ಟಿಕ್ಕೇ. ಎತ್ತರಕ್ಕೆ ಪೇರಿಸಿದರೆ ಈ ಗುಂಪೂ ಸಾಲದು, ಸ್ಟೋರೇಜ್ ಅಧ್ಯಾಯಗಳಿಗೆ ಹೋಗಬೇಕಾಗುತ್ತದೆ.

ಇದು ಕೈಲೆಕ್ಕ ಮಾತ್ರ. ಪೈಪಿನ ಘರ್ಷಣೆ, ಎತ್ತರ ಸೇರಿಸಿದರೆ ಅಂಕಿ ಏರುತ್ತದೆ. ಸ್ಟ್ಯಾಂಡ್‌ಪೈಪ್ (ಮಹಡಿಗಳಲ್ಲಿ ಹೋಸ್ ಜೋಡಿಸಲು ನಿಲ್ಲಿಸಿದ ಪೈಪು) ಇದ್ದರೆ ಅದರ ಬೇಡಿಕೆಯನ್ನು ಬೇರೆ ಲೆಕ್ಕ ಹಾಕಿ. ಕಟ್ಟಡ ಪೂರ್ತಿ ಸ್ಪ್ರಿಂಕ್ಲರ್ ಇರುವುದಾದರೆ ಎರಡರಲ್ಲಿ ದೊಡ್ಡದನ್ನು ಹಿಡಿಯಬೇಕು. ಹಳೇ ಪಂಪಿನ ತಟ್ಟೆಯ ಮೇಲಿನ ಅಂಕಿ ನಂಬಿ ಕೂರಬೇಡಿ, ಫ್ಲೋ ಟೆಸ್ಟ್ ಮಾಡಿಸಿ. ಒಳ್ಳೆಯ ಫೈರ್ ಪಂಪ್ ತಟ್ಟೆಯಲ್ಲಿ ಬರೆದ ಹರಿವಿನ 150 ಪ್ರತಿಶತ ಕೊಡುವಾಗಲೂ ಒತ್ತಡದ 65 ಪ್ರತಿಶತ ಉಳಿಸಿಕೊಳ್ಳಬೇಕು.

ಸ್ಪ್ರಿಂಕ್ಲರ್ ಆರಿಸುವಾಗ ರೋಗಿಗಳು ಮಲಗುವ ವಿಭಾಗಕ್ಕೆಲ್ಲ ಕ್ವಿಕ್ ರೆಸ್ಪಾನ್ಸ್ (ಬಿಸಿಗೆ ಬೇಗ ತೆರೆಯುವ ಬಗೆ) ಕಡ್ಡಾಯ. ಹಾಸಿಗೆ ಸುತ್ತಲಿನ ಪರದೆಯೂ ನಮ್ಮ ವಿಷಯವೇ. ಚಾವಣಿಯಿಂದ 56 ಸೆಂಟಿಮೀಟರ್‌ವರೆಗೆ ಬಲೆಯಂತಿದ್ದು, ಅದರ 70 ಪ್ರತಿಶತ ತೆರೆದಿದ್ದರೆ ನೀರು ಆಚೆ ಹಾಯುತ್ತದೆ. ಇಂಟೀರಿಯರ್‌ನವರು ಚೆಂದ ಕಾಣಲಿ ಅಂತ ಮೇಲಿನಿಂದ ಕೆಳಗಿನವರೆಗೆ ದಪ್ಪ ಬಟ್ಟೆ ಹಾಕಿದರೆ ಸ್ಪ್ರಿಂಕ್ಲರ್ ಜಾಗಗಳನ್ನು ಮತ್ತೆ ಗುರುತಿಸಬೇಕು. ಎಂಆರ್‌ಐ ಕೋಣೆಯಲ್ಲಿ ಪೈಪು, ಸ್ಪ್ರಿಂಕ್ಲರ್ ತಲೆ, ಬೆಂಕಿ ಆರಿಸುವ ಸಿಲಿಂಡರ್ ಯಾವುದೂ ಅಯಸ್ಕಾಂತಕ್ಕೆ ಅಂಟುವಂಥದ್ದು ಆಗಬಾರದು.

ಆಕ್ಸಿಜನ್ ವಾಲ್ವ್

ಗಾಳಿಯಲ್ಲಿ ಆಕ್ಸಿಜನ್ 21 ಪ್ರತಿಶತ. 23.5 ದಾಟಿದರೆ ಅದನ್ನು ಆಕ್ಸಿಜನ್ ಹೆಚ್ಚಿರುವ ವಾತಾವರಣ ಅನ್ನುತ್ತಾರೆ. ಮಾಮೂಲಿಯಾಗಿ ನಿಧಾನಕ್ಕೆ ಉರಿಯುವ ಬಟ್ಟೆ ಅಲ್ಲಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಪ್ರತಿ ಪ್ರದೇಶಕ್ಕೂ ಒಂದು ಜೋನ್ ವಾಲ್ವ್ ಇರುತ್ತದೆ, ಅದಕ್ಕೂ ಅದು ನಿಯಂತ್ರಿಸುವ ಔಟ್‌ಲೆಟ್‌ಗಳಿಗೂ ನಡುವೆ ಒಂದು ಗೋಡೆ ಇರಲೇಬೇಕು. ನವೀಕರಣದಲ್ಲಿ ಐಸಿಯು ದೊಡ್ಡದು ಮಾಡಲು ಆ ಗೋಡೆ ತೆಗೆದರು ಅನ್ನಿ. ವಾಲ್ವ್ ಈಗ ಉರಿಯುವ ಕೋಣೆಯ ಒಳಗೇ ಬಂತು. ಅದನ್ನು ಯಾರು ಮುಚ್ಚಬೇಕು ಅನ್ನುವುದೂ ಮೊದಲೇ ತೀರ್ಮಾನ ಆಗಿರಬೇಕು, ಯಾಕೆಂದರೆ ಮುಚ್ಚಿದ ಕ್ಷಣ ಆ ಪೈಪಿನ ಮೇಲೆ ಅವಲಂಬಿಸಿರುವ ರೋಗಿಗಳೆಲ್ಲರಿಗೂ ಸಿಲಿಂಡರ್ ಬೇಕು.

ಅಲಾರಾಂ ಬಗ್ಗೆ ಎರಡೇ ಮಾತು. ಇಲ್ಲಿ ಅದು ರೋಗಿಗಳನ್ನು ಎಬ್ಬಿಸಲು ಅಲ್ಲ, ಸಿಬ್ಬಂದಿಗೆ ತಿಳಿಸಲು. ಹಳೇ ಪ್ಯಾನೆಲ್ಲೂ ಹೊಸ ಪ್ಯಾನೆಲ್ಲೂ ಒಂದಕ್ಕೊಂದು ಮಾತಾಡುತ್ತವೆಯೇ ಅಂತ ಟೆಂಡರ್‌ಗೆ ಮುಂಚೆಯೇ ನೋಡಿ. ಇಲ್ಲವಾದರೆ ಒಂದು ಬ್ಲಾಕಿನ ಬೆಂಕಿ ಇನ್ನೊಂದು ಬ್ಲಾಕಿನ ನರ್ಸ್ ಸ್ಟೇಷನ್‌ಗೆ ಗೊತ್ತೇ ಆಗುವುದಿಲ್ಲ, ಹಾಸಿಗೆಗಳು ಮಾತ್ರ ಅಲ್ಲಿಗೇ ಬರುತ್ತಿರುತ್ತವೆ.

ಕೆಲಸ ನಡೆಯುವಾಗ

ವಿನ್ಯಾಸಕರು ಇದನ್ನು ಗುತ್ತಿಗೆದಾರರ ತಲೆನೋವು ಅಂತ ಬಿಟ್ಟುಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಯಾವ ವಾಲ್ವ್ ಮುಚ್ಚಿದರೆ ಎಷ್ಟು ವಾರ್ಡ್‌ಗೆ ನೀರು ನಿಲ್ಲುತ್ತದೆ ಅನ್ನುವುದು ನಕ್ಷೆ ಬರೆದವರ ಕೈಯಲ್ಲೇ ಇದೆ.

24 ಗಂಟೆಯಲ್ಲಿ ಸ್ಪ್ರಿಂಕ್ಲರ್ 10 ಗಂಟೆಗಿಂತ ಜಾಸ್ತಿ ಬಂದ್ ಆದರೆ, ಅಥವಾ ಅಲಾರಾಂ 4 ಗಂಟೆಗಿಂತ ಜಾಸ್ತಿ ಬಂದ್ ಆದರೆ, ಜಾಗ ಖಾಲಿ ಮಾಡಿಸಬೇಕು ಇಲ್ಲವೇ ಫೈರ್ ವಾಚ್, ಅಂದರೆ ಬೆಂಕಿಯ ಮೇಲೆ ಕಣ್ಣಿಡುವ ಕಾವಲು, ಇಡಬೇಕು. ಆಸ್ಪತ್ರೆ ಖಾಲಿ ಮಾಡಿಸುವುದು ಆಗದ ಮಾತು, ಹಾಗಾಗಿ ವಾಚ್ ಒಂದೇ ದಾರಿ. ವೆಲ್ಡಿಂಗ್ ಮುಗಿದ ಮೇಲೂ ಒಬ್ಬರು ನಿಂತು ನೋಡುತ್ತಿರಬೇಕು. ವೆಲ್ಡಿಂಗ್‌ನಂಥ ಕೆಲಸದ ಮಾನದಂಡ ಎನ್‌ಎಫ್‌ಪಿಎ 51ಬಿ, ತನ್ನ 2019ರ ಆವೃತ್ತಿಯಲ್ಲಿ, ಈ ಸಮಯವನ್ನು 30 ನಿಮಿಷದಿಂದ 60 ನಿಮಿಷಕ್ಕೆ ಏರಿಸಿತು. ಸ್ಮೋಕ್ ಡಿಟೆಕ್ಟರ್‌ಗಳಿಗೆ ಧೂಳು ಬೀಳದಿರಲಿ ಅಂತ ಹಗಲು ಮುಚ್ಚಳ ಹಾಕುತ್ತಾರೆ, ಸಂಜೆ ತೆಗೆಯಲು ಮರೆಯುತ್ತಾರೆ. ತೆಗೆದವರ ಸಹಿ ಇರುವ ಪಟ್ಟಿಯೊಂದು ಬೇಕು.

ಆಸ್ಪತ್ರೆಗೇ ವಿಶೇಷವಾದ ತೊಡಕು ಇನ್ನೊಂದಿದೆ. ಹಳೇ ವಾರ್ಡಿನಲ್ಲಿ ಸ್ಪ್ರಿಂಕ್ಲರ್ ಪೈಪ್ ಎಳೆಯಲು ಸೀಲಿಂಗ್ ಬಿಚ್ಚಿದರೆ ವರ್ಷಗಳ ಧೂಳಿನ ಜೊತೆ ಆಸ್ಪರ್‌ಜಿಲಸ್ ಎಂಬ ಬೂಷ್ಟಿನ ಕಣಗಳು ಉದುರುತ್ತವೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಿಗೆ ಅದು ಪ್ರಾಣಕ್ಕೇ ಕುತ್ತು. ಆದ್ದರಿಂದ ಪೈಪಿನ ದಾರಿ ಆರಿಸುವಾಗಲೇ ಸೋಂಕು ನಿಯಂತ್ರಣದವರನ್ನು ಜೊತೆಗೆ ಕೂರಿಸಿಕೊಳ್ಳಬೇಕು. ತಾತ್ಕಾಲಿಕ ಗೋಡೆ, ಒಳಗೆ ಋಣ ಒತ್ತಡ (ಗಾಳಿ ಆಚೆ ಬರದಂತೆ), ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ಇವೆಲ್ಲ ಬೇಕು. ಪೈಪನ್ನು ಕಾರಿಡಾರ್ ಮೇಲೆ ತಂದು, ಕೋಣೆಗಳಿಗೆ ಗೋಡೆಯಿಂದ ಸೈಡ್‌ವಾಲ್ ಸ್ಪ್ರಿಂಕ್ಲರ್ ಕೊಟ್ಟರೆ ಕೋಣೆಯ ಸೀಲಿಂಗ್ ಮುಟ್ಟುವುದೇ ಬೇಡ.

ಕೊನೆಗೆ ಜೋಡಣೆ. ಹೊಸ ಪೈಪಿಗೆ 13.8 ಬಾರ್ ಒತ್ತಡದಲ್ಲಿ 2 ಗಂಟೆ ಪರೀಕ್ಷೆ ಮಾಡಬೇಕು. ಒಳಗೆ ತುಕ್ಕು ಹಿಡಿದಿರುವ ಹಳೇ ಪೈಪನ್ನೂ ಅದೇ ಒತ್ತಡಕ್ಕೆ ಏರಿಸಿದರೆ ರೋಗಿಗಳ ತಲೆ ಮೇಲೆ ಎಲ್ಲಿ ಸೋರುತ್ತದೋ ಹೇಳಲಾಗದು. ಹಾಗಾಗಿ ಹಳೆಯದು ಹೊಸದು ಸೇರುವ ಕಡೆ ಒಂದು ಪ್ರತ್ಯೇಕ ವಾಲ್ವ್ ಇಡಿ. ಹೊಸ ಭಾಗವನ್ನು ಬೇರೆಯಾಗಿಯೇ ಪರೀಕ್ಷಿಸಿ, ಆಮೇಲೆ ತೆರೆಯಬಹುದು. ಮಹಡಿಗೊಂದು ವಾಲ್ವ್ ಸಾಲದು, ಹೊಗೆ ವಿಭಾಗಕ್ಕೊಂದು ಇದ್ದರೆ ಮುಂದಿನ ರಿಪೇರಿಗೂ ಒಂದೇ ವಾರ್ಡ್ ಬಂದ್ ಮಾಡಿದರೆ ಸಾಕು. ಇವೆಲ್ಲಕ್ಕೂ ಟ್ಯಾಂಪರ್ ಸ್ವಿಚ್ ಹಾಕಿ, ಯಾರಾದರೂ ಮುಚ್ಚಿಬಿಟ್ಟರೆ ಪ್ಯಾನೆಲ್‌ನಲ್ಲಿ ತಕ್ಷಣ ತೋರಿಸಬೇಕು.