ಏಲಿಯನ್ ಕಮಾಂಡರ್ ತನ್ನವರನ್ನೇ ಕೊಲ್ಲಬೇಕಾ?

ಪ್ರಶ್ನೆ: ನನ್ನ ಕಥೆಯಲ್ಲಿ ಒಬ್ಬ ಏಲಿಯನ್ ಯುದ್ಧನೌಕೆಯ ಕಮಾಂಡರ್ ಇದ್ದಾನೆ. ಅವನು ಎಂಥ ಕ್ರೂರಿ ಅಂತ ಓದುಗರಿಗೆ ತಕ್ಷಣ ಗೊತ್ತಾಗಬೇಕು. ಹೇಗೆ ಬರೆಯಲಿ?

ಡೊಂಬಿವಲಿಯಿಂದ ಬರಲಿ, ಪುಣೆಯಿಂದ ಬರಲಿ, ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಬರೆಯುವ ನಮ್ಮ ಹುಡುಗರು ಕಥೆ ಕಳಿಸಿದರೆ ಜೊತೆಗೆ ಈ ಪ್ರಶ್ನೆಯೂ ಬರುತ್ತದೆ. ತಮಾಷೆ ಏನೆಂದರೆ ಉತ್ತರವನ್ನು ಅವರೇ ಬರೆದಿಟ್ಟಿರುತ್ತಾರೆ. ಮೊದಲ ಪುಟದಲ್ಲಿ ಒಬ್ಬ ಬಡಪಾಯಿ ಅಧಿಕಾರಿ ಕೆಟ್ಟ ಸುದ್ದಿ ತರುತ್ತಾನೆ, ಕಮಾಂಡರ್ ಅವನನ್ನು ನಿಂತಲ್ಲೇ ಸುಟ್ಟು ಬೂದಿ ಮಾಡುತ್ತಾನೆ, ಉಳಿದವರು ಗಡಗಡ ನಡುಗುತ್ತಾರೆ. ಸಾಕು ಮಾರಾಯ್ರೇ.

ಚಿಕ್ಕ ಉತ್ತರ ಇಷ್ಟೇ. ಅವನಿಗೆ ಏನೋ ಒಂದು ಬೇಕಾಗಿರಲಿ, ಅವನು ತನ್ನ ಕೆಲಸದಲ್ಲಿ ಪಳಗಿರಲಿ, ದಾರಿಗೆ ಅಡ್ಡ ಬಂದ ನಮ್ಮ ಜೀವಗಳನ್ನು ಅವನು ಲೆಕ್ಕಕ್ಕೇ ಹಿಡಿಯದಿರಲಿ. ಭಯ ತಾನಾಗಿ ಬರುತ್ತದೆ.

ಈಗ ಆ ಬೂದಿ ವಿಷಯಕ್ಕೆ ಬರೋಣ. ಯುದ್ಧನೌಕೆಯ ಕಮಾಂಡರ್ ತನ್ನ ಕಣ್ಣಿಂದ ನೋಡುವುದು ಬಹಳ ಕಡಿಮೆ. ರೇಡಾರ್ ಮುಂದೆ ಕೂತವನು ಹೇಳಿದ್ದು, ಇಂಜಿನ್ ರೂಮಿನವನು ಹೇಳಿದ್ದು, ಅದೇ ಅವನ ಜಗತ್ತು. ಕೆಟ್ಟ ಸುದ್ದಿ ತಂದವನನ್ನು ಇವತ್ತು ಕೊಂದರೆ ನಾಳೆ ಯಾರು ತರುತ್ತಾರೆ? ಯಾರೂ ಇಲ್ಲ. ಎಲ್ಲರೂ 'ಎಲ್ಲ ಸರಿಯಾಗಿದೆ ಪ್ರಭು' ಅನ್ನುತ್ತಾರೆ, ಇಂಧನ ಸೋರುತ್ತಾ ಇದ್ದರೂ. ಬಾಹ್ಯಾಕಾಶದಲ್ಲಂತೂ ಇದು ಇನ್ನೂ ದೊಡ್ಡ ತೊಂದರೆ. ಮಂಗಳದಿಂದ ಭೂಮಿಗೆ ಬೆಳಕು ಬರಲಿಕ್ಕೇ 3ರಿಂದ 22 ನಿಮಿಷ ಬೇಕು, ಅಂದರೆ ಕೈಗೆ ಸಿಗುವ ಸುದ್ದಿ ಮೊದಲೇ ಹಳಸಿರುತ್ತದೆ, ಅದರ ಮೇಲೆ ಸುಳ್ಳೂ ಸೇರಿದರೆ ಇವನು ಕುರುಡ, ವಿಲನ್ ಅಲ್ಲ.

ಇತಿಹಾಸ ಬೇಕಾ? 1797ರಲ್ಲಿ ಬ್ರಿಟಿಷ್ ನೌಕೆ ಹರ್ಮಯೋನಿಯ ಕ್ಯಾಪ್ಟನ್ ಹ್ಯೂ ಪಿಗಟ್, ಪಟಸ್ತಂಭದಿಂದ (ಹಾಯಿ ಕಟ್ಟುವ ಕಂಬ) ಕೊನೆಗೆ ಇಳಿದವರಿಗೆ ಚಾಟಿ ಏಟು ಅಂತ ಹೆದರಿಸಿದ. ಅವಸರದಲ್ಲಿ ಇಳಿಯಲು ಹೋಗಿ ಮೂವರು ಹುಡುಗರು ಬಿದ್ದು ಸತ್ತರು. ಹೆಣಗಳನ್ನು ಸಮುದ್ರಕ್ಕೆ ಎಸೆಯಿರಿ ಅಂದ. ಮರುದಿನ ರಾತ್ರಿ ಅವನ ಆಳುಗಳೇ ಅವನನ್ನು ಕೊಂದು, ನೌಕೆಯನ್ನು ಶತ್ರು ಸ್ಪೇನಿಗೆ ಒಪ್ಪಿಸಿದರು. ಅಷ್ಟು ದೂರವೂ ಬೇಡ, ನಮ್ಮ ಮುಂಬೈಯ ಕೊಲಾಬಾ ಸಾಕು. 1946ರ ಫೆಬ್ರವರಿ 18ರಂದು, ಬ್ರಿಟಿಷರ ಆಳ್ವಿಕೆಯ ಭಾರತೀಯ ನೌಕಾಪಡೆಯ ತಲ್ವಾರ್‌ನಲ್ಲಿ (ಹೆಸರಿಗೆ ಹಡಗು, ಅಸಲಿಗೆ ದಡದ ಮೇಲಿನ ಸಿಗ್ನಲ್ ತರಬೇತಿ ಕೇಂದ್ರ) ನಾವಿಕರು ಕೆಟ್ಟ ಊಟ, ಅಧಿಕಾರಿಯ ಹೊಲಸು ಬೈಗುಳ ಎರಡೂ ಸಾಕಾಗಿ ಕೆಲಸ ನಿಲ್ಲಿಸಿದರು. ಸಿಗ್ನಲ್ ಹುಡುಗರಲ್ವಾ, ಸುದ್ದಿ ಕರಾಚಿವರೆಗೂ ಹೋಯಿತು. ಕೆಲವೇ ದಿನಗಳಲ್ಲಿ 70ಕ್ಕೂ ಹೆಚ್ಚು ಹಡಗುಗಳು ಬಂಡೆದ್ದವು. ಅಲ್ಲಿ ಮೇಲಿನವರು ಯಾರನ್ನೂ ಸುಟ್ಟಿರಲಿಲ್ಲ, ಬರೀ ಬೈದಿದ್ದರು. ನಿಮ್ಮ ಕಮಾಂಡರ್ ದಿನಕ್ಕೊಬ್ಬನನ್ನು ಸುಡುತ್ತಾನೆ, ಆದರೂ ಇನ್ನೂರು ಪುಟ ಯಾರೂ ತಿರುಗಿ ಬೀಳುವುದಿಲ್ಲ!

'ಮತ್ತೆ ಡಾರ್ತ್ ವೇಡರ್?' ಅಂತ ಕೇಳುತ್ತೀರಿ, ಗೊತ್ತು. ಅವನು ಏಲಿಯನ್ ಅಲ್ಲ, ಅದಿರಲಿ. 1980ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಅವನು ತನ್ನ ಅಧಿಕಾರಿಗಳ ಕತ್ತು ಹಿಸುಕಿದ್ದು ಎಲ್ಲರಿಗೂ ನೆನಪಿದೆ. ಅದೇ ಸಿನಿಮಾದ ಕೊನೆಗೆ ಬೇಟೆ ಕೈತಪ್ಪುತ್ತದೆ, ಅಡ್ಮಿರಲ್ ಪಿಯೆಟ್ ಸಾಯಲು ಸಿದ್ಧನಾಗಿ ನಿಂತಿರುತ್ತಾನೆ, ವೇಡರ್ ಒಂದು ಮಾತೂ ಆಡದೆ ಹೊರಟುಹೋಗುತ್ತಾನೆ. ಇದು ಯಾರಿಗೂ ನೆನಪಿರುವುದಿಲ್ಲ. ನನಗೆ ಮೈ ಜುಂ ಅಂದದ್ದು ಅಲ್ಲಿ.

ಅಸಲಿ ಏಲಿಯನ್ ಬೇಕಿದ್ದರೆ ಥ್ರಾನ್‌ನನ್ನು ಓದಿ. ಸ್ಟಾರ್ ವಾರ್ಸ್ ಕಾದಂಬರಿಗಳಿಗಾಗಿ ಲೇಖಕ ಟಿಮೊಥಿ ಝಾನ್ 1991ರಲ್ಲಿ ಸೃಷ್ಟಿಸಿದ ನೀಲಿ ಚರ್ಮದ, ಕೆಂಪು ಕಣ್ಣಿನ ಗ್ರ್ಯಾಂಡ್ ಅಡ್ಮಿರಲ್. ಮೊದಲ ಕಾದಂಬರಿಯಲ್ಲಿ ಬೇಟೆ ತಪ್ಪಿಸಿಕೊಂಡಾಗ ತಪ್ಪನ್ನು ಮೇಲಿನವನ ತಲೆಗೆ ಕಟ್ಟಲು ನೋಡಿದ ಆಪರೇಟರ್‌ನನ್ನು ಕೊಲ್ಲಿಸುತ್ತಾನೆ. ಹೌದು, ಅಲ್ಲೂ ಕೊಲೆ ಇದೆ. ಆದರೆ 1993ರ ಮೂರನೆಯದರಲ್ಲಿ ಬೇಟೆ ಮತ್ತೆ ತಪ್ಪಿಸಿಕೊಂಡಾಗ, ಸೋತರೂ ಹೊಸದೇನೋ ಮಾಡಿ ನೋಡಿದ ಇನ್ನೊಬ್ಬನಿಗೆ ಬಡ್ತಿ ಕೊಡುತ್ತಾನೆ. ಈಗ ಹೇಳಿ, ಇಂಥವನ ಕೈಕೆಳಗಿನವರು ಹೇಗೆ ಕೆಲಸ ಮಾಡುತ್ತಾರೆ? ಇಂಥವನ ಎದುರು ಹೀರೋ ಗೆಲ್ಲುವುದು ಹೇಗೆ? ಯಕ್ಷಗಾನದಲ್ಲಿ ಬಣ್ಣದ ವೇಷ (ರಾಕ್ಷಸ ಪಾತ್ರ) ತೆರೆಯ ಹಿಂದಿನಿಂದ ಆರ್ಭಟ ಕೊಡುವಾಗ ಇನ್ನೂ ಯಾರನ್ನೂ ಕೊಂದಿರುವುದಿಲ್ಲ, ಆದರೂ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹುಡುಕುತ್ತಾರಲ್ಲ, ಹಾಗೆ ಇರಲಿ ಅವನ ಪ್ರವೇಶ.

ಯಾರೂ ಕೇಳಲಿಲ್ಲ, ಆದರೂ ಇನ್ನೊಂದು ಹೇಳಿಬಿಡುತ್ತೇನೆ. ನೀವು ಕಳಿಸುವ ಕಥೆಗಳಲ್ಲಿ ಕಮಾಂಡರ್ ಸುಮ್ನೆ ಇಂಜಿನ್ ಆರಿಸಿ 'ಅಡಗಿ' ಕೂರುತ್ತಾನಲ್ಲ, ಅದು ಆಗುವ ಮಾತಲ್ಲ. ಒಳಗೆ ಜನ ಬದುಕಬೇಕಾದರೆ ನೌಕೆ ಬೆಚ್ಚಗಿರಬೇಕು, ಸುತ್ತಲಿನ ಆಕಾಶ ಮೈನಸ್ 270 ಡಿಗ್ರಿ. ಇನ್ಫ್ರಾರೆಡ್ ಕ್ಯಾಮರಾಗೆ ಆ ನೌಕೆ ಕತ್ತಲಲ್ಲಿ ದೀಪ ಹಚ್ಚಿದಂತೆ ಕಾಣುತ್ತದೆ. ರೇಡಿಯೋದಲ್ಲಿ ಪಿಸುಗುಟ್ಟಿದರೂ ಕಷ್ಟ. 2016ರ ಅಕ್ಟೋಬರಿನಲ್ಲಿ ಯುರೋಪಿನ ಸ್ಕಿಯಾಪರೆಲಿ ಲ್ಯಾಂಡರ್ ಮಂಗಳಕ್ಕೆ ಇಳಿಯುವಾಗ ಕಳಿಸಿದ ಬಡಕಲು ಸಿಗ್ನಲ್ಲನ್ನು ಪುಣೆ ಬಳಿಯ ನಾರಾಯಣಗಾಂವ್ ಕಡೆಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಹಿಡಿದಿತ್ತು. ಅಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳಿವೆ. ನಿಮ್ಮಲ್ಲಿ ಕೆಲವರ ಕಥೆ ಪುಣೆಯಲ್ಲೇ ನಡೆಯುತ್ತದೆ, ಆದರೂ ಆ ದೂರದರ್ಶಕವನ್ನು ಯಾರೂ ಬಳಸಲೇ ಇಲ್ಲ.

ಅಡಗಲೇಬೇಕಾದರೆ ಚಂದ್ರನ ಹಿಂದೆ ಹೋಗಲಿ. ಆದರೆ ಅಲ್ಲಿಂದ ಅವನಿಗೂ ಭೂಮಿ ಕಾಣುವುದಿಲ್ಲ, ಇಣುಕಿ ನೋಡಲು ಒಂದು ಚಿಕ್ಕ ನೌಕೆ ಕಳಿಸಬೇಕು, ಅದೂ ಬಿಸಿಯಾಗಿಯೇ ಇರುತ್ತದೆ. ಅದನ್ನು ಹೇಗೆ ತಂಪಾಗಿಡುತ್ತೀರಿ ಅಂತ ಬರೆದು ಕಳಿಸಿ, ಓದುತ್ತೇನೆ.