ಕಾಯಿಲೆಯ ಮನೆಯಲ್ಲಿ ಸಂತೋಷಕ್ಕೆ ಜಾಗ ಮಾಡುವುದು

ಮನೆಯ ಹಿರಿಯರನ್ನು ಮನೋವೈದ್ಯರ ಬಳಿ ಕರೆತರುವವರು ಎಲ್ಲವನ್ನೂ ವಿವರಿಸಿದ ಮೇಲೆ ಕೊನೆಯಲ್ಲಿ ಒಂದು ಮಾತು ಸೇರಿಸುತ್ತಾರೆ: "ವಯಸ್ಸಾಯ್ತಲ್ಲ ಡಾಕ್ಟ್ರೇ, ಇನ್ನು ಹೀಗೇ ಅಲ್ಲವೇ?" ಈ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸು ಮಂಡಿಯನ್ನು ಸವೆಸುತ್ತದೆ, ಕಿವಿಯನ್ನು ಮಂದ ಮಾಡುತ್ತದೆ, ಹೆಸರುಗಳು ತಟ್ಟನೆ ನೆನಪಿಗೆ ಬರದಂತೆ ಮಾಡುತ್ತದೆ. ಆದರೆ ತಿಂಗಳುಗಟ್ಟಲೆ ಮಂಕಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ ಗೋಡೆಯ ಕಡೆ ಮುಖ ಮಾಡಿ ಮಲಗಿರುವುದು ಮುಪ್ಪಿನ ಸಹಜ ಲಕ್ಷಣವಲ್ಲ. ಅದು ಬಹಳಷ್ಟು ಸಲ ಖಿನ್ನತೆ, ಮತ್ತು ಖಿನ್ನತೆಗೆ ಎಪ್ಪತ್ತರಲ್ಲೂ ಎಂಬತ್ತರಲ್ಲೂ ಚಿಕಿತ್ಸೆಯಿದೆ. 2011ರ ಜನಗಣತಿಯ ವೇಳೆಗೇ ನಮ್ಮ ರಾಜ್ಯದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಮಂದಿ ಇದ್ದರು. ಹಾಗಾಗಿ ಇದು ಎಲ್ಲೋ ಒಂದೆರಡು ಮನೆಗಳ ಕಥೆಯಲ್ಲ.

ಹಿರಿಯರ ಖಿನ್ನತೆ ಸುಲಭವಾಗಿ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. "ನನಗೆ ದುಃಖವಾಗುತ್ತಿದೆ" ಎಂದು ಹೇಳಿಕೊಳ್ಳುವ ಅಭ್ಯಾಸ ಆ ತಲೆಮಾರಿನವರಿಗೆ ಇಲ್ಲ. ಹೊಟ್ಟೆ ಉಬ್ಬರ, ಮೈಕೈ ನೋವು, ಬಾಯಿಗೆ ರುಚಿಯಿಲ್ಲ, ರಾತ್ರಿ ಎರಡು ಗಂಟೆಗೇ ಎಚ್ಚರ ಎಂದು ಅವರು ಹೇಳುತ್ತಾರೆ. ಮನೆಯವರು ರಕ್ತಪರೀಕ್ಷೆ, ಸ್ಕ್ಯಾನ್, ಎಂಡೋಸ್ಕೋಪಿ ಎಂದು ಓಡಾಡುತ್ತಾರೆ; ವರದಿಗಳೆಲ್ಲ ಸರಿಯಾಗಿವೆ ಎಂದಾದಾಗ ಸಮಾಧಾನಪಡುವುದಕ್ಕೆ ಬದಲು "ಇವರಿಗೆ ಏನೂ ಇಲ್ಲ, ಸುಮ್ಮನೆ ಗೋಳು" ಎಂಬ ಬೇಸರ ಮನೆಯಲ್ಲಿ ಹುಟ್ಟಿಕೊಳ್ಳುತ್ತದೆ. ಹಿರಿಯರ ಖಿನ್ನತೆಯನ್ನು ಗುರುತಿಸಲು ನಾವು ಬಳಸುವ ಹದಿನೈದು ಪ್ರಶ್ನೆಗಳ ಪಟ್ಟಿಯೊಂದಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಪಟ್ಟಿಯ ಪ್ರತಿ ಪ್ರಶ್ನೆಗೂ ಹೌದು ಅಥವಾ ಇಲ್ಲ ಎಂದರೆ ಸಾಕು. ನಿದ್ದೆ, ಹಸಿವು, ನೋವುಗಳ ವಿಚಾರವನ್ನು ಅದರಲ್ಲಿ ಬೇಕೆಂದೇ ಕೈಬಿಟ್ಟಿದ್ದಾರೆ, ಏಕೆಂದರೆ ಅವು ಖಿನ್ನತೆಯಿಲ್ಲದ ಹಿರಿಯರಲ್ಲೂ ಇರುತ್ತವೆ. ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇದ್ದುಬಿಡೋಣ ಅನ್ನಿಸುತ್ತದೆಯೇ, ನಿಮ್ಮ ಬದುಕು ಬರಿದಾಗಿದೆ ಅನ್ನಿಸುತ್ತದೆಯೇ ಎಂಬಂಥ ಪ್ರಶ್ನೆಗಳಿಗೆ ಗಟ್ಟಿಯಾಗಿ ಉತ್ತರಿಸುತ್ತಾ ಬಂದವರು, "ಈಗ ನಿಮ್ಮಿಂದ ಯಾರಿಗೂ ಪ್ರಯೋಜನವಿಲ್ಲ ಅನ್ನಿಸುತ್ತದೆಯೇ" ಎಂಬಲ್ಲಿಗೆ ಬಂದಾಗ ತಡವರಿಸುತ್ತಾರೆ. ನನ್ನ ಅನುಭವದಲ್ಲಿ ಇಡೀ ಸಂದರ್ಶನದ ಗಂಟು ಅಲ್ಲೇ ಇರುತ್ತದೆ.

ಮನಸ್ಸಿನ ಮಾತಿಗೆ ಮೊದಲು ದೇಹವನ್ನು ನೋಡಬೇಕು. ಥೈರಾಯ್ಡ್ ಕಡಿಮೆಯಾದರೆ ಮನುಷ್ಯ ಮಂಕಾಗುತ್ತಾನೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅನ್ನು ಅನೇಕ ವರ್ಷ ತೆಗೆದುಕೊಂಡವರಲ್ಲಿ, ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಕಿವಿ ಕೇಳಿಸದವರು ಮನೆಯ ಮಾತುಕತೆಯಿಂದ ತಾವಾಗಿಯೇ ಹಿಂದೆ ಸರಿಯುತ್ತಾರೆ, ಅದನ್ನು ನಾವು ಮುನಿಸು ಎಂದುಕೊಳ್ಳುತ್ತೇವೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಮತ್ತೆ ದಿನಪತ್ರಿಕೆ ಹಿಡಿದು ಲವಲವಿಕೆಗೆ ಮರಳಿದವರನ್ನು ನೋಡಿದ್ದೇನೆ. ಆದ್ದರಿಂದ ಮೊದಲ ಭೇಟಿಗೆ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಆಯುರ್ವೇದದವನ್ನೂ ಅಂಗಡಿಯಲ್ಲಿ ತಾವೇ ಕೊಂಡ ನೋವಿನ ಮಾತ್ರೆಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಖಿನ್ನತೆಯ ಔಷಧಿ ಬೇಕಾದಾಗ ಹಿರಿಯರಿಗೆ ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತೇವೆ. ಪರಿಣಾಮ ಕಾಣಲು ಕೆಲವು ವಾರಗಳೇ ಬೇಕು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರಲ್ಲಿ ಇದರ ಜೊತೆಗೆ ರಕ್ತದ ಸೋಡಿಯಂ ಇಳಿಯಬಹುದಾದ್ದರಿಂದ ಅದನ್ನು ಪರೀಕ್ಷಿಸಿಕೊಳ್ಳಬೇಕು. ಹತ್ತು ದಿನ ನುಂಗಿ "ಏನೂ ಉಪಯೋಗವಾಗಲಿಲ್ಲ" ಎಂದು ನಿಲ್ಲಿಸುವುದೇ ಬಹಳ ಕಡೆ ಆಗುವ ನಷ್ಟ.

ಔಷಧಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಒಂದು ಉದಾಹರಣೆಯಿಂದ ಹೇಳುವುದು ಒಳ್ಳೆಯದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಸೋತಿದ್ದವು. ಲಕ್ವ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಇವರಿಗೂ ಬಂದಿತ್ತು. ಮಗ ತೋಟ, ಮಂಡಿ, ಬ್ಯಾಂಕು ಎಲ್ಲವನ್ನೂ ತಾನೇ ವಹಿಸಿಕೊಂಡು, "ಅಪ್ಪಯ್ಯ, ನೀವು ಏನೂ ತಲೆಗೆ ಹಚ್ಚಿಕೊಳ್ಳಬೇಡಿ, ಆರಾಮಾಗಿ ಮಲಗಿರಿ" ಎಂದು ಪ್ರೀತಿಯಿಂದಲೇ ಹೇಳಿದ್ದ. ನಲವತ್ತು ವರ್ಷ ಮನೆಯ ಯಜಮಾನರಾಗಿದ್ದವರಿಗೆ ಆ ಮಾತು ಹೇಗೆ ಕೇಳಿಸಿರಬಹುದೆಂಬುದು ಅವನಿಗೆ ಹೊಳೆದಿರಲಿಲ್ಲ. ಔಷಧಿ ಶುರುವಾಗಿ ನಿದ್ದೆ ಸುಧಾರಿಸಿತು, ಊಟ ಸೇರತೊಡಗಿತು, ಮುಖ ಮಾತ್ರ ಹಾಗೆಯೇ ಇತ್ತು. ಆಗ ಅಡಿಕೆ ಗೊನೆ ಕೊಯ್ಯುವ ಕೊನೆಕೊಯ್ಲಿನ ಕಾಲ. ಬೇಯಿಸಿ ಒಣಗಿಸಿದ ಅಡಿಕೆಯನ್ನು ಆರಿಸುವ ಕೆಲಸಕ್ಕೆ ಅವರನ್ನು ಕೂರಿಸಿ ಎಂದು ಮಗನಿಗೆ ಹೇಳಿದೆ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ದರ್ಜೆಗಳನ್ನು ಬೇರೆಬೇರೆ ಮಾಡಲು ಬಲಗೈ ಒಂದೇ ಸಾಕಿತ್ತು, ಉಳಿದದ್ದು ಪಳಗಿದ ಕಣ್ಣಿನ ಕೆಲಸ. ಮೊದಲೆರಡು ದಿನ ಅವರು "ನನಗೆ ಮನಸ್ಸಿಲ್ಲ" ಎಂದು ಎದ್ದು ಹೋದರಂತೆ. ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿ, ಮೊರವನ್ನು ಬಲಗಡೆ ಇಟ್ಟು, ಅರ್ಧ ಗಂಟೆ ಮಾತ್ರ ಎಂದು ಸೊಸೆ ಮತ್ತೆ ಕೂರಿಸಿದರು. ಆ ವಾರದ ಕೊನೆಯಲ್ಲಿ ಅವರು ಮಗನಿಗೆ, "ಗೊರಬಲು ತಂದು ರಾಶಿಗೆ ಸೇರಿಸಿದ್ದೀಯಲ್ಲೋ, ಮಂಡಿಯಲ್ಲಿ ನಿನ್ನ ಮುಖ ನೋಡಿ ರೇಟು ಹಾಕುತ್ತಾರಾ?" ಎಂದು ಗದರಿದರು. ಬೈಸಿಕೊಂಡ ಮಗ ಅದನ್ನು ನನಗೆ ಫೋನಿನಲ್ಲಿ ಹೇಳುವಾಗ ಗದ್ಗದಿತನಾಗಿದ್ದ. ಅಷ್ಟು ತಿಂಗಳ ನಂತರ ಆ ಮನೆಯಲ್ಲಿ ಸಂತೋಷ ಕಾಣಿಸಿಕೊಂಡದ್ದು ಒಂದು ಬೈಗುಳದ ರೂಪದಲ್ಲಿ.

ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಎಂದು ಕಾದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಸಣ್ಣ ಕೆಲಸ ಮೊದಲು, ಉತ್ಸಾಹ ಅದರ ಹಿಂದೆ. ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಈ ತತ್ವದ ಮೇಲೆ ಚಿಕಿತ್ಸೆಯನ್ನು ಬೆಳೆಸಿದರು, ಇಂದಿಗೂ ಅದು ಪರಿಣಾಮಕಾರಿ ಕ್ರಮಗಳಲ್ಲೊಂದು. ಆದರೆ ಆ ಕೆಲಸ ಸುಮ್ಮನೆ ಹೊತ್ತು ಕಳೆಯುವುದಕ್ಕೆ ಕೊಟ್ಟದ್ದಾಗಿರಬಾರದು, ಅದರ ಹೊಣೆ ನಿಜವಾಗಿ ಅವರದಾಗಿರಬೇಕು. 1976ರಲ್ಲಿ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆಸಿದ ಅಧ್ಯಯನ ಇದನ್ನೇ ತೋರಿಸುತ್ತದೆ. ಒಂದು ಮಹಡಿಯ ನಿವಾಸಿಗಳಿಗೆ ಗಿಡವೊಂದನ್ನು ಆರಿಸಿಕೊಂಡು ತಾವೇ ನೋಡಿಕೊಳ್ಳುವಂತೆ, ಸಿನಿಮಾ ಯಾವ ರಾತ್ರಿ ನೋಡಬೇಕೆಂದು ತಾವೇ ನಿರ್ಧರಿಸುವಂತೆ ಹೇಳಿದರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಆದರೆ ನೀರು ಹಾಕಿದ್ದು ನರ್ಸ್‌ಗಳು. ಕೆಲವೇ ವಾರಗಳಲ್ಲಿ ಮೊದಲ ಗುಂಪಿನವರ ಚಟುವಟಿಕೆ, ಎಚ್ಚರ, ಸಂತೋಷ ಹೆಚ್ಚಿತು. ಆ ಗುಂಪಿನವರು ಹೆಚ್ಚು ಕಾಲ ಬದುಕಿದರು ಎಂದೂ ಕೆಲವರು ಬರೆಯುತ್ತಾರೆ. ಆ ಲೆಕ್ಕವನ್ನು ಸಂಶೋಧಕರೇ ಮುಂದೆ ತಿದ್ದಬೇಕಾಗಿ ಬಂದುದರಿಂದ ಅದನ್ನು ನಾನು ಯಾರಿಗೂ ಭರವಸೆಯಾಗಿ ಹೇಳುವುದಿಲ್ಲ. ಹಾಲಿನ ಲೆಕ್ಕ ಬರೆಯುವುದು, ಮೊಮ್ಮಗಳ ಮಗ್ಗಿ ಒಪ್ಪಿಸಿಕೊಳ್ಳುವುದು, ಅವರೆಕಾಯಿ ಸುಲಿಯುವುದು, ಹಬ್ಬಕ್ಕೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವುದು, ಇವುಗಳಲ್ಲಿ ಯಾವುದಾದರೂ ಆದೀತು. ಹಾಸಿಗೆ ಹಿಡಿದವರೂ ಇವತ್ತಿನ ಸಾರು ಯಾವುದೆಂದು ಹೇಳಬಲ್ಲರು. ಅವರು ಹೇಳಿದ್ದನ್ನೇ ಮಾಡಬೇಕು, ಅಷ್ಟೆ.

ದೀರ್ಘ ಕಾಯಿಲೆಯಿರುವ ಮನೆಯಲ್ಲಿ ಮಾತೆಲ್ಲ ಮಾತ್ರೆಗೆ ಇಳಿದಿರುತ್ತದೆ. "ಮಾತ್ರೆ ತಗೊಂಡ್ರಾ? ಸಂಡಾಸ್ ಆಯ್ತಾ? ಶುಗರ್ ಎಷ್ಟು ಬಂತು?" ಎಂಬುದರ ಆಚೆಗೆ ದಿನವಿಡೀ ಸಂಭಾಷಣೆಯೇ ಇರುವುದಿಲ್ಲ. ಯುಗಾದಿಗೆ ಒಬ್ಬಟ್ಟು ಮಾಡುವುದಿಲ್ಲ, ನೆಂಟರು ಬಂದರೂ ಪಿಸುಮಾತಿನಲ್ಲೇ ಮಾತಾಡುತ್ತಾರೆ, ಮಕ್ಕಳು ನಕ್ಕರೆ ದೊಡ್ಡವರು ಕಣ್ಣು ಬಿಡುತ್ತಾರೆ. ಇದನ್ನೆಲ್ಲ ಮನೆಯವರು ಗೌರವವೆಂದು ಮಾಡುತ್ತಾರೆ. ಕಾಯಿಲೆಯವರಿಗೆ ಮಾತ್ರ ಅದು "ನನ್ನಿಂದಾಗಿ ಈ ಮನೆಯ ಕಳೆ ಹೋಯಿತು" ಎಂದೇ ತಾಗುತ್ತದೆ. ಒಬ್ಬಟ್ಟು ಮಾಡಿ. ಅವರಿಗೆ ಸಕ್ಕರೆ ಕಾಯಿಲೆಯಿದ್ದರೆ ಸಣ್ಣದೊಂದು ತುಂಡು ಕೊಡುವ ಬಗ್ಗೆ ವೈದ್ಯರನ್ನು ಕೇಳಬಹುದು, ಹಬ್ಬವನ್ನೇ ಬಿಡಬೇಕಾಗಿಲ್ಲ. ದಿನಕ್ಕೊಮ್ಮೆಯಾದರೂ ಕಾಯಿಲೆಗೆ ಸಂಬಂಧವಿಲ್ಲದ ಮಾತನ್ನು, ಊರಿನ ಸುದ್ದಿಯನ್ನು, ಹಳೆಯ ಜಗಳವನ್ನಾದರೂ, ಅವರೊಡನೆ ಆಡಿ.

ಇನ್ನು ಆರೈಕೆ ಮಾಡುವವರ ವಿಚಾರ. ಸಾಮಾನ್ಯವಾಗಿ ಅದು ಸೊಸೆ, ಹೆಂಡತಿ ಅಥವಾ ಮದುವೆಯಾಗದೆ ಉಳಿದ ಮಗಳು. ರಾತ್ರಿ ಮೂರು ಸಲ ಎದ್ದು ಬಟ್ಟೆ ಬದಲಿಸುವವಳು ಅವಳು, ಬೆಳಗ್ಗೆ ತಿಂಡಿ ಮಾಡಿ ಮಕ್ಕಳನ್ನು ಶಾಲೆಗೆ ಕಳಿಸುವವಳೂ ಅವಳೇ. ನೋಡಲು ಬಂದವರೆಲ್ಲ "ಮಾವನವರು ಹೇಗಿದ್ದಾರೆ?" ಎನ್ನುತ್ತಾರೆ, "ನೀನು ಹೇಗಿದ್ದೀಯಮ್ಮ?" ಎಂದು ಕೇಳುವವರು ವಿರಳ. ಆಕೆಗೆ ಸಿಟ್ಟು ಬರುತ್ತದೆ, ಸಿಟ್ಟು ಬಂತಲ್ಲಾ ಎಂಬ ತಪ್ಪಿತಸ್ಥ ಭಾವವೂ ಬರುತ್ತದೆ, ಕೆಲವೊಮ್ಮೆ "ಇದು ಬೇಗ ಮುಗಿಯಬಾರದೇ" ಎಂಬ ಯೋಚನೆ ಸುಳಿದು ಆಕೆ ತನಗೆ ತಾನೇ ಬೆಚ್ಚುತ್ತಾಳೆ. ಈ ಯೋಚನೆ ಕೆಟ್ಟ ಮನಸ್ಸಿನದಲ್ಲ, ದಣಿದ ದೇಹದ್ದು ಎಂದು ನಾನು ಪ್ರತಿಯೊಬ್ಬರಿಗೂ ಬಿಡಿಸಿ ಹೇಳುತ್ತೇನೆ. ಆಕೆಗೆ ಬೇಕಾದದ್ದು ಹೊಗಳಿಕೆಯಲ್ಲ, ಬಿಡುವು. ವಾರದಲ್ಲಿ ಎರಡು ಅರ್ಧ ದಿನ ಬೇರೊಬ್ಬರು ಪೂರ್ತಿ ಹೊಣೆ ಹೊರಬೇಕು, ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಬೇಕು, ಆಕೆ ಆ ಹೊತ್ತಿನಲ್ಲಿ ತವರಿಗೆ ಹೋದಳೋ, ದೇವಸ್ಥಾನಕ್ಕೆ ಹೋದಳೋ, ಸುಮ್ಮನೆ ಮಲಗಿದಳೋ ಎಂದು ಯಾರೂ ವಿಚಾರಿಸಬಾರದು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ವಿಡಿಯೋ ಕರೆಯಲ್ಲಿ ಸಲಹೆ ಕೊಡುವುದಕ್ಕಿಂತ ಆ ಎರಡು ಅರ್ಧ ದಿನಗಳಿಗೆ ಒಬ್ಬ ಸಹಾಯಕಿಯನ್ನು ಗೊತ್ತುಮಾಡಿ ಸಂಬಳ ಕೊಡುವುದು, ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಆರೈಕೆಯನ್ನು ತಾವೇ ವಹಿಸಿಕೊಂಡು ಆಕೆಯನ್ನು ಹೊರಗೆ ಕಳಿಸುವುದು ನಿಜವಾದ ನೆರವು.

ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. "ದೇವರು ನನ್ನನ್ನು ಯಾಕೆ ಕರೆದುಕೊಳ್ಳುವುದಿಲ್ಲವೋ" ಎಂಬ ಮಾತನ್ನು ವಯಸ್ಸಾದವರ ವಾಡಿಕೆ ಎಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಂಡವರಿಗೆ ಹಗುರವಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರನ್ನು ಕಾಣಿ. ತೋಟದ ಮನೆಗಳಲ್ಲಿ ಕ್ರಿಮಿನಾಶಕವನ್ನು ಬೀಗ ಹಾಕಿ ಇಡಿ, ಮಾತ್ರೆಗಳ ಸಂಗ್ರಹವನ್ನು ಬೇರೆಯವರು ಇಟ್ಟುಕೊಳ್ಳಲಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಆರೈಕೆ ಮಾಡುವವರೂ ತಮ್ಮ ಕಷ್ಟಕ್ಕೆ ಕರೆ ಮಾಡಬಹುದು. ಹಿರಿಯರಿಗೆ ಸಂಬಂಧಿಸಿದ ಇತರ ತೊಂದರೆಗಳಿಗೆ 14567 ಇದೆ.

ಗುಣವಾಗದ ಕಾಯಿಲೆಗಳೂ ಇವೆ. ಮುಂದುವರಿದ ಮರೆವಿನ ಕಾಯಿಲೆ, ಕೊನೆಯ ಹಂತದ ಕ್ಯಾನ್ಸರ್ ಇರುವ ಮನೆಗಳಿಗೆ ನಾನು ಇಡೀ ದಿನದ ನೆಮ್ಮದಿಯ ಮಾತಾಡುವುದಿಲ್ಲ. ಅಲ್ಲಿ ಕೇಳುವುದು ಇಷ್ಟೇ: ನೋವು ಹತೋಟಿಯಲ್ಲಿದೆಯೇ, ದಿನದಲ್ಲಿ ಅವರು ಹಗುರವಾಗಿರುವ ಹೊತ್ತು ಯಾವುದು, ಆ ಹೊತ್ತಿನಲ್ಲಿ ಅವರ ಪಕ್ಕದಲ್ಲಿ ಯಾರು ಕೂತಿರುತ್ತೀರಿ. ನೋವು ಹತೋಟಿಯಲ್ಲಿಲ್ಲವೆಂದರೆ ಉಪಶಾಮಕ ಚಿಕಿತ್ಸೆಯ ವೈದ್ಯರ ಬಳಿಗೆ ಕಳಿಸುತ್ತೇನೆ, ಏಕೆಂದರೆ ನೋವಿನಲ್ಲಿರುವವರಿಗೆ ಬೇರಾವ ಮಾತೂ ಕಿವಿಗೆ ಬೀಳುವುದಿಲ್ಲ. ಮುಂದಿನ ಭೇಟಿಗೆ ಬಂದಾಗ ರೋಗಿಯ ಬಿಪಿ ನೋಡುವುದಕ್ಕೆ ಮೊದಲು, ಜೊತೆಗೆ ಬಂದವರು ಕಳೆದ ವಾರ ಎಷ್ಟು ರಾತ್ರಿ ಸರಿಯಾಗಿ ನಿದ್ದೆ ಮಾಡಿದರು ಎಂದು ಕೇಳಿ ಅದನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.